ಬ್ಲಾಗಿನಲ್ಲಿ ಹಳೆಯ ಪುಕ್ಕಟೆ ವಿಜೆಟ್ ಇದ್ದರೆ ಇವತ್ತೇ ತೆಗೆಯಿರಿ

ನಿಮ್ಮದೊಂದು ಬ್ಲಾಗ್ ಇದೆಯಾ? ಅದರ ಪಕ್ಕದಲ್ಲಿ ಓದುಗರ ಲೆಕ್ಕ ತೋರಿಸುವ ಮೀಟರೋ, ಯಾವುದೋ ಕಾಲದಲ್ಲಿ ಹಾಕಿದ ಗಡಿಯಾರವೋ, ಬರಹದ ಕೆಳಗೆ 'ಇದನ್ನೂ ಓದಿ' ಅಂತ ಚಿತ್ರ ತೋರಿಸುವ ಪಟ್ಟಿಯೋ ಈಗಲೂ ಕೂತಿದೆಯಾ? ವಿಜೆಟ್ ಅಂದರೆ ಇಂಥವೇ. ಇದ್ದರೆ ಮೊದಲು ಅದನ್ನು ತೆಗೆದು ಬನ್ನಿ. ಇದನ್ನು ಆಮೇಲೆ ಓದಿದರೂ ನಡೆಯುತ್ತೆ.

ನನ್ನದು ಅಡುಗೆ ಬ್ಲಾಗ್. ತಂಬುಳಿ, ಅಪ್ಪೆಹುಳಿ, ಪತ್ರೊಡೆ, ಹಲಸಿನ ಹಪ್ಪಳ, ಇಷ್ಟೇ. ಜಾಹೀರಾತು ಹಾಕಿಲ್ಲ, ಏನನ್ನೂ ಮಾರುವುದಿಲ್ಲ. ಈಚೆಗೆ ಶಿರಸಿ ಕಡೆಯ ಹಳೆಯ ಓದುಗರೊಬ್ಬರು ಫೋನ್ ಮಾಡಿದರು. ನಿವೃತ್ತ ಮೇಷ್ಟ್ರು. "ಎಂತ ತಂಗೀ, ಅಪ್ಪೆಹುಳಿ ಬಿಟ್ಟು ಇಸ್ಪೀಟಿಗೆ ಕೂತ್ಯಾ?" ಅಂದರು. ಅವರು ನನ್ನ ಬ್ಲಾಗಿನ ಕೊಂಡಿ ಒತ್ತಿದರೆ ರಮ್ಮಿ ಆಡಿಸುವ ಪುಟ ತೆರೆದುಕೊಳ್ಳುತ್ತಿತ್ತಂತೆ. ನಾನು ಲ್ಯಾಪ್‌ಟಾಪಿನಲ್ಲಿ ನೋಡಿದೆ, ಎಲ್ಲ ಸರಿಯಾಗಿಯೇ ಇತ್ತು. ಫೋನಿನಲ್ಲಿ ನೋಡಿದೆ, ಅಲ್ಲೂ ಸರಿ. ಮೇಷ್ಟ್ರ ಫೋನಿನಲ್ಲೇ ಏನೋ ಸೇರಿಕೊಂಡಿದೆ ಅಂದುಕೊಂಡು ಸುಮ್ಮನಾದೆ. ಅದೇ ವಾರ ದುಬೈನಲ್ಲಿರುವ ಗೆಳತಿಯೂ ಅದನ್ನೇ ಹೇಳಿದಳು. ಅವಳು ಸ್ಕ್ರೀನ್‌ಶಾಟ್ ಬೇರೆ ಕಳಿಸಿದ್ದಳು. ಮೇಲೆ ನನ್ನ ಬ್ಲಾಗಿನಿಂದ ಬಂದಿದ್ದೀರಿ ಅನ್ನುವ ಸಾಲು, ಕೆಳಗೆ ತಿರುಗುವ ಚಕ್ರ, 'ಮೊದಲ ಬಾರಿಗೆ ಬೋನಸ್ ಉಚಿತ' ಅನ್ನುವ ಕೆಂಪು ಗುಂಡಿ.

ಬೆಂಗಳೂರಿನಲ್ಲಿ ಕಂಪನಿಯೊಂದರಲ್ಲಿ ಕೆಲಸ ಮಾಡುವ ನನ್ನ ತಮ್ಮನಿಗೆ ಹೇಳಿದೆ. ಅವನು ಬ್ಲಾಗಿನ ವಿಳಾಸ ಕೂಡ ಕೇಳಲಿಲ್ಲ. "ಅಕ್ಕಾ, ನೀನು ಲಾಗಿನ್ ಆಗಿ ನೋಡ್ತಿದೀಯಲ್ಲ, ಅದಕ್ಕೇ ನಿಂಗೆ ಕಾಣ್ತಿಲ್ಲ. ವೈಫೈ ಆಫ್ ಮಾಡು. ಮೊಬೈಲ್ ಡೇಟಾದಲ್ಲಿ, ಲಾಗಿನ್ ಇಲ್ಲದ ಇನ್‌ಕಾಗ್ನಿಟೊ ಕಿಟಕಿಯಲ್ಲಿ, ಗೂಗಲ್ ಹುಡುಕಾಟದಿಂದ ನಿನ್ನ ಬ್ಲಾಗಿಗೆ ಬಾ" ಅಂದ. ಹಾಗೇ ಮಾಡಿದೆ. ಅಪ್ಪೆಹುಳಿಯ ಚಿತ್ರ ಅರೆಕ್ಷಣ ಕಂಡಿತು, ಪುಟ ಬೆಳ್ಳಗಾಯಿತು, ಚಕ್ರ ತಿರುಗತೊಡಗಿತು. ಹಿಂದಕ್ಕೆ ಬಂದು ಮತ್ತೆ ತೆರೆದರೆ ಏನೂ ಇಲ್ಲ, ನನ್ನ ಬ್ಲಾಗೇ ಬಂತು. ಒಂದು ಫೋನಿಗೆ ಒಂದೇ ಸಲ ತೋರಿಸಿ ಸುಮ್ಮನಾಗುವಂತೆ ಬರೆದಿದ್ದಾರೆ. ದೂರು ಹೇಳಿದವರು ಎರಡನೇ ಸಲ ತೋರಿಸಲು ಹೋದರೆ ಅವರೇ ಸುಳ್ಳರಾಗಬೇಕು, ಹಾಗೆ.

ಕಾರಣ ಹುಡುಕಲು ತಮ್ಮ ನನ್ನ ಥೀಮ್ ಫೈಲ್, ಅಂದರೆ ಬ್ಲಾಗಿನ ರೂಪದ ಕೋಡ್ ಇರುವ ಫೈಲ್, ತರಿಸಿಕೊಂಡ. ನನ್ನ ಬ್ಲಾಗ್ ಇರುವುದು ಗೂಗಲ್‌ನ ಬ್ಲಾಗರ್ ಸೇವೆಯಲ್ಲಿ. ಅಲ್ಲಿ ಥೀಮ್ ಅನ್ನುವಲ್ಲಿ ಹೋದರೆ ಬ್ಯಾಕಪ್ ಇಳಿಸಿಕೊಳ್ಳಲು ಬರುತ್ತದೆ, ಅದನ್ನೇ ಕಳಿಸಿದೆ. ಪುಟದಲ್ಲಿ ಕೋಡ್ ಓಡಿಸುವ ಸಾಲುಗಳಲ್ಲಿ 'ಸ್ಕ್ರಿಪ್ಟ್' (script) ಅನ್ನುವ ಪದ ಇರುತ್ತದೆ, ಆ ಫೈಲಿನಲ್ಲಿ ಅದನ್ನು ಹುಡುಕಿದ. ಬ್ಲಾಗರ್‌ನದೇ ಆದವು ಒಂದಷ್ಟು. ಅವುಗಳ ನಡುವೆ ಬೇರೆ ವಿಳಾಸದ ಸಾಲೊಂದು ಕಂಡಿತು. ಬರಹದ ಕೆಳಗೆ 'ಇದನ್ನೂ ಓದಿ' ಅಂತ ಹಳೆಯ ಬರಹಗಳ ಚಿತ್ರ ತೋರಿಸುವ ಪುಕ್ಕಟೆ ಸೇವೆ ಅದು. ಬ್ಲಾಗ್ ಶುರು ಮಾಡಿದ ಹೊಸದರಲ್ಲಿ ಹಾಕಿಕೊಂಡಿದ್ದೆ. ಆಗ ಕನ್ನಡ ಬ್ಲಾಗುಗಳಲ್ಲಿ ಎಲ್ಲರೂ ಏನಾದರೊಂದು ಹಾಕಿಕೊಳ್ಳುವವರೇ. ಯಾವ ಯಾವ ದೇಶದಿಂದ ಓದುಗರು ಬಂದರು ಅಂತ ಬಾವುಟ ತೋರಿಸುವುದು, ಪುಟದ ಮೇಲೆ ಹಿಮ ಉದುರಿಸುವುದು, ಟಿಪ್ಪಣಿಯನ್ನು ಕನ್ನಡದಲ್ಲೇ ಟೈಪ್ ಮಾಡಲು ಒಂದು ಪೆಟ್ಟಿಗೆ. ಹೊಸದೇನಾದರೂ ಸಿಕ್ಕಿದರೆ ಒಬ್ಬರಿಗೊಬ್ಬರು ಕೋಡ್ ಕಳಿಸಿಕೊಳ್ಳುತ್ತಿದ್ದರು. ಆ ಖುಷಿಯ ಬಗ್ಗೆ ನನಗೆ ಈಗಲೂ ತಕರಾರಿಲ್ಲ.

ಸೇವೆ ಆಗ ಚೆನ್ನಾಗಿಯೇ ಇತ್ತು. ವರ್ಷಗಟ್ಟಲೆ ಸದ್ದಿಲ್ಲದೆ ಕೆಲಸ ಮಾಡಿತು. ಆಮೇಲೆ ಚಿತ್ರಗಳು ಬರುವುದು ನಿಂತಿತು. ಕೆಳಗೆ ಖಾಲಿ ಜಾಗ ಉಳಿಯಿತು, ಅಷ್ಟೇ. ಕಣ್ಣಿಗೆ ಏನೂ ಕಾಣದಿದ್ದರೂ ಆ ಸಾಲು ಮಾತ್ರ ಥೀಮಿನೊಳಗೆ ಇತ್ತು. ಈಚೆಗೆ ಆ ವಿಳಾಸವನ್ನು ಯಾರೋ ಕೊಂಡುಕೊಂಡಿದ್ದಾರೆ.

ಇಲ್ಲೇ ವಿಷಯ ಇರುವುದು, ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ. ವಿಜೆಟ್ ಹಾಕಿಕೊಳ್ಳಿ ಅಂತ ಅವರು ಕೊಡುವ ಒಂದು ಸಾಲಿನ ಕೋಡ್‌ನಲ್ಲಿ ವಿಜೆಟ್ ಇರುವುದೇ ಇಲ್ಲ. ಅದರಲ್ಲಿರುವುದು ಒಂದು ವಿಳಾಸ. ಓದುಗರು ನಿಮ್ಮ ಪುಟ ತೆರೆದಾಗಲೆಲ್ಲ ಅವರ ಬ್ರೌಸರ್ ಆ ವಿಳಾಸಕ್ಕೆ ಹೋಗಿ, ಅಲ್ಲಿ ಆ ಹೊತ್ತಿಗೆ ಏನಿದೆಯೋ ಅದನ್ನು ತಂದು ನಿಮ್ಮ ಪುಟದೊಳಗೇ ಓಡಿಸುತ್ತದೆ. ನೀವು ಹಾಕಿದ ದಿನ ಪರೀಕ್ಷೆ ಮಾಡಿ ನೋಡಿದ್ದು ಆ ದಿನದ್ದು ಮಾತ್ರ. ಹಾಲು ಹಾಕುವವನಿಗೆ ಹಿತ್ತಲ ಬಾಗಿಲ ಕೀಲಿ ಕೊಟ್ಟಿದ್ದೀರಿ, ಅವನು ವ್ಯಾಪಾರವನ್ನು ಇನ್ನೊಬ್ಬನಿಗೆ ಮಾರಿದ, ಕೀಲಿಯೂ ಜತೆಗೇ ಹೋಯಿತು ಅಂದ ಹಾಗೆ. ಬ್ಲಾಗಿನ ಪಾಸ್‌ವರ್ಡ್ ಬದಲಾಯಿಸಿದರೆ ಇದು ಸರಿಹೋಗುವುದಿಲ್ಲ. ಯಾಕೆಂದರೆ ಇಲ್ಲಿ ಯಾರೂ ಏನನ್ನೂ ಹ್ಯಾಕ್ ಮಾಡಿಲ್ಲ.

ಬ್ಲಾಗ್ ಬರೆಯುವ ನಮ್ಮಂಥ ಸಣ್ಣವರಿಗೆ ಮಾತ್ರ ಹೀಗಾಗುತ್ತದೆ ಅಂದುಕೊಳ್ಳಬೇಡಿ. 2024ರ ಪಾಲಿಫಿಲ್ ಪ್ರಕರಣ ನೋಡಿ. ಹಳೆಯ ಬ್ರೌಸರ್‌ಗಳಲ್ಲೂ ಹೊಸ ವೆಬ್‌ಸೈಟ್ ಕೆಲಸ ಮಾಡಲಿ ಅಂತ ಜಗತ್ತಿನ ದೊಡ್ಡ ದೊಡ್ಡ ಸಂಸ್ಥೆಗಳು ಪಾಲಿಫಿಲ್ ಡಾಟ್ ಐಒ ಅನ್ನುವ ವಿಳಾಸದಿಂದ ಪುಕ್ಕಟೆ ಕೋಡ್ ತರಿಸಿಕೊಳ್ಳುತ್ತಿದ್ದವು. 2024ರ ಫೆಬ್ರವರಿಯಲ್ಲಿ ಆ ವಿಳಾಸವನ್ನು ಫನ್‌ನಲ್ ಅನ್ನುವ ಚೀನಾ ಮೂಲದ ಕಂಪನಿ ಕೊಂಡಿತು. ಪಾಲಿಫಿಲ್ ಸೇವೆಯನ್ನು ಮೊದಲು ಕಟ್ಟಿದ ಆಂಡ್ರ್ಯೂ ಬೆಟ್ಸ್ ಆಗಲೇ ಎಚ್ಚರಿಸಿದರು. ಆ ವಿಳಾಸ ಎಂದೂ ನನ್ನದಾಗಿರಲಿಲ್ಲ, ಕೂಡಲೇ ತೆಗೆಯಿರಿ ಅಂದರು. ಜೂನ್‌ನಲ್ಲಿ ಸ್ಯಾನ್‌ಸೆಕ್ ಅನ್ನುವ ಭದ್ರತಾ ಸಂಸ್ಥೆ ವಿಷಯ ಹೊರಗೆ ತಂದಾಗ 1 ಲಕ್ಷಕ್ಕೂ ಹೆಚ್ಚು ವೆಬ್‌ಸೈಟ್‌ಗಳಲ್ಲಿ ಆ ಸಾಲು ಇತ್ತು. ಮೊಬೈಲಿನಲ್ಲಿ ಬಂದವರನ್ನು ಅದು ಬೆಟ್ಟಿಂಗ್ ತಾಣಕ್ಕೆ ಕಳಿಸುತ್ತಿತ್ತು. ಅದೂ ಕೆಲವು ಫೋನುಗಳಿಗೆ, ಕೆಲವು ಹೊತ್ತಿನಲ್ಲಿ ಮಾತ್ರ. ಸೈಟ್ ನಡೆಸುವವರು ಬಂದಿದ್ದಾರೆ ಅಂತ ಗೊತ್ತಾದರೆ ತೆಪ್ಪಗಿರುತ್ತಿತ್ತು. ತಮ್ಮ ನನ್ನ ಬ್ಲಾಗ್ ನೋಡುವ ಮೊದಲೇ ಕಾರಣ ಹೇಳಿದ್ದು ಇದರಿಂದ. ಅವರ ಕಚೇರಿಯಲ್ಲಿ ಆ ಜೂನ್‌ನಲ್ಲಿ ಇದೇ ಸಾಲು ಹುಡುಕುತ್ತಾ ಕೂತಿದ್ದರಂತೆ.

ನನ್ನ ಬ್ಲಾಗಿನಲ್ಲಿದ್ದ ಆ 'ಇದನ್ನೂ ಓದಿ' ಸೇವೆಯವರಿಗೂ ಬರೆದೆ. ಅವರ ಪುಟದಲ್ಲಿ ಫೋನ್ ಇಲ್ಲ, ಊರಿನ ಹೆಸರಿಲ್ಲ, ತುಂಬಲು ಒಂದು ಫಾರಂ ಇದೆ. ನನ್ನ ಓದುಗರನ್ನು ಜೂಜಿನ ಪುಟಕ್ಕೆ ಯಾಕೆ ಕಳಿಸುತ್ತಿದ್ದೀರಿ ಅಂತ ಕೇಳಿದ್ದಕ್ಕೆ ಬಂದ ಉತ್ತರ ಏನು ಗೊತ್ತಾ? ಉಚಿತ ಬಳಕೆದಾರರ ಪುಟಗಳಲ್ಲಿ 'ಪ್ರಾಯೋಜಿತ ಭೇಟಿ' ಇರುತ್ತದೆ, ಬೇಡವಾದರೆ ಪ್ರೀಮಿಯಂ ತಗೊಳ್ಳಿ! ದುಡ್ಡು ಕಟ್ಟಿದರೆ ಮಾತ್ರ ನಿಮ್ಮ ಓದುಗರನ್ನು ಬಿಡುತ್ತೇವೆ ಅಂದ ಹಾಗಾಯ್ತು. ಕೆಳಗೆ ಕಾರ್ಡ್ ನಂಬರ್ ಹಾಕಲು ಕೊಂಡಿ ಬೇರೆ. ಅದನ್ನು ಒತ್ತಲಿಲ್ಲ.

ತೆಗೆಯುವುದೂ ನಾನು ಅಂದುಕೊಂಡಷ್ಟು ಸಲೀಸಾಗಿರಲಿಲ್ಲ. ಬ್ಲಾಗರ್‌ನ ಲೇಔಟ್‌ಗೆ ಹೋಗಿ ಗ್ಯಾಜೆಟ್ (ವಿಜೆಟ್‌ಗೆ ಅಲ್ಲಿ ಹಾಗನ್ನುತ್ತಾರೆ) ಅಳಿಸಿದರೆ ಮುಗಿಯಿತು ಅಂದುಕೊಂಡೆ. ಪಟ್ಟಿಯಲ್ಲಿ ಅದರ ಹೆಸರೇನೋ ಹೋಯಿತು. ಆದರೆ ಹಾಕುವಾಗಲೇ ಅದು ಥೀಮಿನೊಳಗೆ ಇನ್ನೊಂದು ಪ್ರತಿ ಇಟ್ಟಿತ್ತು. 'ಎಡಿಟ್ ಎಚ್‌ಟಿಎಂಎಲ್' ಒತ್ತಿ, ಕೋಡ್ ಪೆಟ್ಟಿಗೆಯೊಳಗೆ ಒಮ್ಮೆ ಕ್ಲಿಕ್ ಮಾಡಿ, ಕಂಟ್ರೋಲ್ ಮತ್ತು ಎಫ್ ಒತ್ತಿ ಆ ವಿಳಾಸ ಹುಡುಕಿದಾಗ ಸಿಕ್ಕಿತು. ಪೆಟ್ಟಿಗೆಯೊಳಗೆ ಕ್ಲಿಕ್ ಮಾಡದೆ ಹುಡುಕಿದರೆ ಬ್ರೌಸರ್‌ನ ಹುಡುಕಾಟ ತೆರೆದುಕೊಂಡು 'ಇಲ್ಲ' ಅನ್ನುತ್ತೆ, ಅದನ್ನು ನಂಬಬೇಡಿ. ಸಾಲು ಅಳಿಸುವ ಮುಂಚೆ ಬ್ಯಾಕಪ್ ಇಳಿಸಿಕೊಳ್ಳಿ. ತೆರೆಯುವ ಗುರುತು (<script>) ಅಳಿಸಿ ಮುಚ್ಚುವ ಗುರುತು (</script>) ಬಿಟ್ಟರೆ ಬ್ಲಾಗರ್ ಉಳಿಸಿಕೊಳ್ಳಲು ಒಪ್ಪುವುದಿಲ್ಲ. ಒಪ್ಪದಿದ್ದರೆ ಗಾಬರಿ ಬೇಡ, ಹಳೆಯದು ಹಾಗೇ ಇರುತ್ತದೆ.

ಇಷ್ಟಾದ ಮೇಲೆ ಮೇಷ್ಟ್ರಿಗೆ ಫೋನ್ ಮಾಡಿ, ಸರಿಹೋಯಿತು ಅಂದೆ. ಅವರು ಇನ್ನೂ ಬರುತ್ತಿದೆ ಅಂದರು. ಬ್ಲಾಗಿನಲ್ಲಲ್ಲ, ಫೋನಿನ ಮೇಲ್ಗಡೆ. 'ನಿಮ್ಮ ಮೊಬೈಲಿನಲ್ಲಿ 5 ವೈರಸ್ ಸಿಕ್ಕಿದೆ', 'ನಿಮ್ಮ ಖಾತೆಗೆ ಹಣ ಬಂದಿದೆ' ಅಂತ ದಿನಕ್ಕೆ ಹತ್ತಾರು. ಆ ಚಕ್ರದ ಪುಟ 'ಮುಂದುವರಿಯಲು ಅಲೋ ಒತ್ತಿ' ಅಂದಿದೆ, ಅವರು ಒತ್ತಿದ್ದಾರೆ. ನೋಟಿಫಿಕೇಶನ್ ಕಳಿಸಲು ಅನುಮತಿ ಕೊಟ್ಟಂತಾಯ್ತು. ನನ್ನ ಬ್ಲಾಗ್ ಎಷ್ಟೇ ಸ್ವಚ್ಛ ಮಾಡಿದರೂ ಅದು ಹೋಗುವುದಿಲ್ಲ. ಅವರಿಗೆ ಫೋನಿನಲ್ಲೇ ದಾರಿ ಹೇಳುತ್ತಾ ಹೋದೆ. ಕ್ರೋಮ್ ತೆರೆದು ಮೂರು ಚುಕ್ಕಿ, ಸೆಟ್ಟಿಂಗ್ಸ್, ಸೈಟ್ ಸೆಟ್ಟಿಂಗ್ಸ್, ನೋಟಿಫಿಕೇಶನ್ಸ್, ಅಲ್ಲಿ ಗುರುತಿಲ್ಲದ ಹೆಸರುಗಳನ್ನೆಲ್ಲ ಬ್ಲಾಕ್ ಮಾಡುವುದು. ಅವರು ಒತ್ತಬೇಕಾದ್ದನ್ನು ಒತ್ತಿ ಮುಗಿಸುವಾಗ ನನ್ನ ಕುಕ್ಕರ್ ಸೀಟಿ ಮೇಲೆ ಸೀಟಿ ಹೊಡೆದು ಬೇಳೆ ಕರಕಲಾಗಿತ್ತು. ಆ ಪುಟದಲ್ಲಿ ಅವರೇನೂ ದುಡ್ಡು ಹಾಕಿರಲಿಲ್ಲ, ಪುಣ್ಯ. ಯಾರಾದರೂ ಹಾಕಿ ಕಳೆದುಕೊಂಡಿದ್ದರೆ ತಡಮಾಡದೆ 1930ಕ್ಕೆ ಫೋನ್ ಮಾಡಬೇಕು, ಅದು ಸೈಬರ್ ವಂಚನೆಯ ಸಹಾಯವಾಣಿ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆಯನ್ನು ಸಂಸತ್ತು 2025ರ ಆಗಸ್ಟ್‌ನಲ್ಲಿ ಪಾಸು ಮಾಡಿದೆ. ಅಂಥ ಆಟಗಳ ಜಾಹೀರಾತಿಗೂ ಅದರಲ್ಲಿ ನಿಷೇಧ ಇದೆ. ಹಾಗಿರುವಾಗ ನಮ್ಮ ಹೆಸರಿನ ಪುಟದಿಂದಲೇ ಜನ ಅಲ್ಲಿಗೆ ಹೋಗುತ್ತಿದ್ದಾರೆ ಅಂದರೆ ಯಾರಿಗೆ ನಿದ್ದೆ ಬರುತ್ತೆ ಹೇಳಿ.

ಹೊಸ ಸೇವೆಗಳನ್ನು ಮುಟ್ಟಲೇಬೇಡಿ ಅನ್ನುವವಳಲ್ಲ ನಾನು. ಈಗಲೂ ಹೊಸದು ಕಂಡರೆ ಕೈ ತುರಿಸುತ್ತದೆ. ಆದರೆ ಈಗ ಆಟಕ್ಕೆ ಅಂತಲೇ ಬೇರೆ ಬ್ಲಾಗ್ ಇಟ್ಟುಕೊಂಡಿದ್ದೇನೆ, ಬೇರೆ ಜಿಮೇಲ್‌ನಲ್ಲಿ. ಬ್ಲಾಗರ್‌ನಲ್ಲಿ ಅದಕ್ಕೇನೂ ಖರ್ಚಿಲ್ಲ. ಕೋಡ್ ಹಾಕಿ ಅನ್ನುವ ಸೇವೆಗಳೆಲ್ಲ ಅಲ್ಲಿಗೇ. ಮುಖ್ಯ ಬ್ಲಾಗಿಗೆ ಬರುವುದು ಬ್ಲಾಗರ್‌ನದೇ ಗ್ಯಾಜೆಟ್‌ಗಳು ಮಾತ್ರ. 'ಇದನ್ನೂ ಓದಿ' ಕೊಂಡಿಗಳನ್ನು ಈಗ ಬರಹದ ಕೊನೆಯಲ್ಲಿ ಕೈಯಾರೆ ಹಾಕುತ್ತೇನೆ. ಪತ್ರೊಡೆಯ ಕೆಳಗೆ ಕೆಸುವಿನ ತುರಿಕೆ ತೆಗೆಯುವ ಬರಹವನ್ನೇ ಕೊಡಬೇಕು ಅನ್ನುವುದು ಯಾವ ವಿಜೆಟ್‌ಗೂ ಹೊಳೆಯುತ್ತಿರಲಿಲ್ಲ.

'ಗೂಗಲ್ ಮೂಲಕ ಲಾಗಿನ್' ಅಂತ ಕೇಳುವ ಕಡೆ ಇನ್ನೊಂದು ಗಮನಿಸಿ. ಹೆಸರು, ಇಮೇಲ್ ಕೇಳಿದರೆ ಒಂದು ಲೆಕ್ಕ. 'ನಿಮ್ಮ ಬ್ಲಾಗರ್ ಖಾತೆ ನಿರ್ವಹಿಸಲು' ಅಂತ ಕೇಳಿದರೆ ನಿಮ್ಮ ಹೆಸರಿನಲ್ಲಿ ಬರಹ ಹಾಕಲು, ಅಳಿಸಲು ಅನುಮತಿ ಕೊಟ್ಟಂತೆ. ಗೂಗಲ್ ಖಾತೆಯ ಸೆಕ್ಯುರಿಟಿ ವಿಭಾಗದಲ್ಲಿ ಹೊರಗಿನ ಆ್ಯಪ್‌ಗಳ ಪಟ್ಟಿ ಇರುತ್ತದೆ, ನನ್ನದರಲ್ಲಿ ಹೆಸರೂ ನೆನಪಿಲ್ಲದವು ಸಾಲಾಗಿ ನಿಂತಿದ್ದವು. ಎಲ್ಲವನ್ನೂ ಕಿತ್ತುಹಾಕಿದೆ. ನುಡಿಯಲ್ಲಿ ಟೈಪ್ ಮಾಡಿದ್ದನ್ನು ಇಂಟರ್ನೆಟ್‌ನಲ್ಲಿ ಎಲ್ಲರಿಗೂ ಓದಲು ಬರುವ ಯೂನಿಕೋಡ್‌ಗೆ ಬದಲಾಯಿಸಿಕೊಡುವ ಗುರುತಿಲ್ಲದ ಸೈಟುಗಳಿಗೂ ಇನ್ನೂ ಪ್ರಕಟವಾಗದ ಬರಹ ಸುರಿಯುವುದನ್ನು ಬಿಟ್ಟಿದ್ದೇನೆ. ನುಡಿ, ಬರಹ ತಂತ್ರಾಂಶಗಳ ಜತೆಯಲ್ಲೇ ಆ ಸೌಲಭ್ಯ ಬರುತ್ತದಲ್ಲ.

ದೊಡ್ಡ ಹೆಸರಿನವರಾದರೆ ಚಿಂತೆಯಿಲ್ಲ ಅನ್ನುವಂತೆಯೂ ಇಲ್ಲ. ಅವರು ಜೂಜಿನ ಪುಟಕ್ಕೆ ಕಳಿಸಲಿಕ್ಕಿಲ್ಲ, ಆದರೆ ನಡುವೆ ಕೈಬಿಡುತ್ತಾರೆ. ಚಿತ್ರ ಇಟ್ಟುಕೊಳ್ಳುವ ತಾಣ ಫೋಟೊಬಕೆಟ್ 2017ರಲ್ಲಿ ನಿಯಮ ಬದಲಿಸಿ, ಬೇರೆ ತಾಣಗಳಲ್ಲಿ ಚಿತ್ರ ತೋರಿಸಬೇಕಾದರೆ ವರ್ಷಕ್ಕೆ ಸುಮಾರು 400 ಡಾಲರ್ ಕೊಡಿ ಅಂದಿತು. ಜಗತ್ತಿನಾದ್ಯಂತ ಹಳೆಯ ಪುಟಗಳಲ್ಲಿ ಚಿತ್ರದ ಜಾಗದಲ್ಲಿ ಮೀಟರ್ ಮುಳ್ಳಿನ ಬೂದು ಚೌಕ ಬಂದು ಕೂತಿತು. ಹೊಸ ಬರಹ ಬಂದಾಗ ಚಂದಾದಾರರಿಗೆ ತಿಳಿಸುತ್ತಿದ್ದ ಗೂಗಲ್‌ನ ಫೀಡ್‌ಬರ್ನರ್ 2021ರಲ್ಲಿ ಇಮೇಲ್ ಕಳಿಸುವುದನ್ನು ನಿಲ್ಲಿಸಿತು. ಚಂದಾದಾರರ ಪಟ್ಟಿ ಇಳಿಸಿಕೊಳ್ಳಲು ಅವಕಾಶ ಕೊಟ್ಟಿದ್ದರು, ಇಳಿಸಿಕೊಂಡವರು ಬಚಾವ್. ಯಾವ ಸೇವೆಗೆ ಸೇರಿದರೂ ನಮ್ಮ ಸಾಮಾನು ವಾಪಸ್ ಪಡೆಯುವ ಗುಂಡಿ ಎಲ್ಲಿದೆ ಅಂತ ಈಗ ಮೊದಲ ದಿನವೇ ನೋಡುತ್ತೇನೆ.

ನನ್ನ ಬ್ಲಾಗನ್ನು ಈಚೆಗೆ ಫೋನಿನಲ್ಲಿ ಓದಿದವರು ಕ್ರೋಮ್‌ನ ಆ ನೋಟಿಫಿಕೇಶನ್ ಪಟ್ಟಿ ಒಮ್ಮೆ ನೋಡಿಬಿಡಿ. ನಿಮ್ಮ ಬ್ಲಾಗಿನ ಥೀಮಿನಲ್ಲಿ ಯಾವ ಸಾಲು ಯಾರದು ಅಂತ ಗೊತ್ತಾಗದಿದ್ದರೆ ಆ ಸಾಲನ್ನು ಟಿಪ್ಪಣಿಯಲ್ಲಿ ಹಾಕಿ, ತಮ್ಮನಿಗೆ ತೋರಿಸಿ ಹೇಳುತ್ತೇನೆ. ಭಾನುವಾರ ಮಧ್ಯಾಹ್ನ ಅವನು ಪುರುಸೊತ್ತಾಗಿರುತ್ತಾನೆ, ಊಟ ಹಾಕಿದರೆ ಬೇಗ ಕೆಲಸ ಮಾಡುತ್ತಾನೆ.