ಕಾಸರಗೋಡಿನ ಸೆಕೆಂಡ್‌ಹ್ಯಾಂಡ್ ಕಾರು ಯಾರ್ಡಿಗೆ ಆನ್‌ಲೈನ್ ಗಿರಾಕಿ: ಗೂಗಲ್, ಫಾರ್ಮ್ ಜಾಹೀರಾತು, ವಾಟ್ಸಾಪ್, ಓಎಲ್‌ಎಕ್ಸ್

ಹದಿನೈದು ಇಪ್ಪತ್ತು ಗಾಡಿ ನಿಲ್ಲಿಸುವ ಯಾರ್ಡಿಗೆ ಆನ್‌ಲೈನಿನಲ್ಲಿ ಜನ ಸಿಗುವುದು ಈಗ ಕಷ್ಟವಲ್ಲ. ಸಿಕ್ಕವರಲ್ಲಿ ಕೊಳ್ಳುವವರು ಯಾರು, ಸುಮ್ಮನೆ ರೇಟು ಕೇಳುವವರು ಯಾರು ಎಂದು ಬೇರೆ ಮಾಡುವುದೇ ದೊಡ್ಡ ಕೆಲಸ. ಇಲ್ಲಿರುವ ನಾಲ್ಕು ದಾರಿಗಳನ್ನೂ ಮಂಜೇಶ್ವರದಿಂದ ಕಾಞಂಗಾಡಿನವರೆಗಿನ ಗಿರಾಕಿಗಳಿಗಾಗಿ ಬಳಸಿ ನೋಡಿ ತೂಗಿದ್ದೇವೆ. ಎಷ್ಟು ವಿಚಾರಣೆ ಬಂತು ಎಂಬುದನ್ನು ಲೆಕ್ಕಕ್ಕೆ ಹಿಡಿದಿಲ್ಲ. ಯಾರ್ಡಿಗೆ ಬಂದು ಕೀ ಕೇಳಿದವರು ಯಾವ ದಾರಿಯಿಂದ ಬಂದರು ಎಂಬುದಷ್ಟೇ ಇಲ್ಲಿನ ಅಳತೆ.

ಗೂಗಲ್ ಪ್ರೊಫೈಲ್: ಖರ್ಚಿಲ್ಲ, ಆದರೆ ಗಾಡಿ ಕಾಣುವುದಿಲ್ಲ

ಮೊದಲು ಮಾಡಬೇಕಾದದ್ದು ಇದು. ಗೂಗಲ್ ಹುಡುಕಾಟದಲ್ಲಿ, ಮ್ಯಾಪಿನಲ್ಲಿ ಯಾರ್ಡನ್ನು ತೋರಿಸುವ ಗೂಗಲ್ ಬಿಸಿನೆಸ್ ಪ್ರೊಫೈಲ್ ಪುಕ್ಕಟೆ. ಮುಖ್ಯ ವರ್ಗವಾಗಿ ‘ಯೂಸ್ಡ್ ಕಾರ್ ಡೀಲರ್’ ಎಂಬುದನ್ನೇ ಆರಿಸಬೇಕು. ಬರೀ ‘ಕಾರ್ ಡೀಲರ್’ ಎಂದು ಹಾಕಿದರೆ ಹೊಸ ಕಾರಿನ ಶೋರೂಮುಗಳ ಸಾಲಿನಲ್ಲಿ ಕಳೆದುಹೋಗುತ್ತೀರಿ. ಪರಿಶೀಲನೆಗೆ ಸಾಮಾನ್ಯವಾಗಿ ವಿಡಿಯೋ ಕೇಳುತ್ತಾರೆ. ಎದುರಿನ ರಸ್ತೆ, ಬೋರ್ಡು, ಆಫೀಸಿನ ಬೀಗ ತೆಗೆಯುವುದು, ಇಷ್ಟನ್ನೂ ನಡುವೆ ನಿಲ್ಲಿಸದೆ ಒಂದೇ ಓಟದಲ್ಲಿ ತೆಗೆಯಿರಿ. ಹೆಸರು ಬೋರ್ಡಿನಲ್ಲಿ ಇದ್ದ ಹಾಗೆಯೇ ಇರಲಿ. ಅದರ ಹಿಂದೆ ‘ಬೆಸ್ಟ್ ಸೆಕೆಂಡ್‌ಹ್ಯಾಂಡ್ ಕಾರ್ಸ್ ಕಾಸರಗೋಡು’ ಎಂದು ಬಾಲ ಕಟ್ಟಿದರೆ ಪ್ರೊಫೈಲ್ ಅಮಾನತಾಗಬಹುದು, ಆಗ ರಿವ್ಯೂಗಳೂ ಮ್ಯಾಪಿನಿಂದ ಮಾಯ.

ಮ್ಯಾಪಿನಲ್ಲಿ ಜಾಗ ತೋರಿಸುವ ಪಿನ್ನಿನ ವಿಷಯದಲ್ಲಿ ಇಲ್ಲಿಯದೇ ಒಂದು ತೊಂದರೆ ಉಂಟು. ರಾಷ್ಟ್ರೀಯ ಹೆದ್ದಾರಿ 66 ಆರು ಪಥವಾದ ಮೇಲೆ ತಲಪಾಡಿಯಿಂದ ಚೆಂಗಳದವರೆಗೆ ಯಾರ್ಡುಗಳಿಗೆ ದಾರಿ ಸರ್ವಿಸ್ ರಸ್ತೆಯಿಂದ. ಹಳೆ ಪಿನ್ ಹೆದ್ದಾರಿಯ ನಡುವೆಯೋ ಎದುರು ಬದಿಯಲ್ಲೋ ಇದ್ದರೆ ಬಂದವರು ತಪ್ಪಿ ಮುಂದಿನ ಅಂಡರ್‌ಪಾಸಿನವರೆಗೆ ಹೋಗಿ ತಿರುಗಬೇಕು. ಕೆಲವರು ತಿರುಗುವುದೇ ಇಲ್ಲ, ದಾರಿಯಲ್ಲಿ ಸಿಕ್ಕ ಇನ್ನೊಂದು ಯಾರ್ಡಿಗೆ ಇಳಿಯುತ್ತಾರೆ. ಪಿನ್ನನ್ನು ಗೇಟಿನ ಮೇಲೆಯೇ ಇಟ್ಟು, ಎರಡೂ ದಿಕ್ಕಿನಿಂದ ಗಾಡಿ ಓಡಿಸಿ ಪರೀಕ್ಷಿಸಿ. ಶುಕ್ರವಾರ ಮಧ್ಯಾಹ್ನ ಮುಚ್ಚುವುದಿದ್ದರೆ, ಹರತಾಳ ಇದ್ದರೆ, ವಿಶೇಷ ಸಮಯ ಎಂಬಲ್ಲಿ ಹಾಕಿ. ಮುಚ್ಚಿದ ಗೇಟಿನ ಎದುರು ನಿಂತವರು ಬರೆಯುವುದು ಒಂದು ಸ್ಟಾರ್.

ರಿವ್ಯೂ ಕೇಳುವ ಸಮಯ ಡೆಲಿವರಿ ದಿನ, ಕೀ ಕೈಗೆ ಕೊಟ್ಟ ಮೇಲೆ, ಕ್ಯೂಆರ್ ಕಾರ್ಡಿನಿಂದ. ರಿವ್ಯೂ ಬರೆದರೆ ಸೀಟ್ ಕವರ್ ಕೊಡುತ್ತೇವೆ ಎನ್ನುವುದು ಗೂಗಲ್ ನಿಯಮಕ್ಕೆ ವಿರುದ್ಧ. ಕನ್ನಡದಲ್ಲಿ ಬರೆದವರಿಗೆ ಕನ್ನಡದಲ್ಲಿ, ಮಲಯಾಳದಲ್ಲಿ ಬರೆದವರಿಗೆ ಮಲಯಾಳದಲ್ಲಿ ಉತ್ತರಿಸಿ. ಗೂಗಲ್ ಕೊಡುತ್ತಿದ್ದ ಪುಕ್ಕಟೆ ವೆಬ್‌ಸೈಟು 2024ರ ಮಾರ್ಚಿಗೆ, ಚಾಟ್ ಸೌಲಭ್ಯ ಅದೇ ವರ್ಷ ಜುಲೈಗೆ ನಿಂತಿವೆ. ಹಳೆ ವಿಸಿಟಿಂಗ್ ಕಾರ್ಡಿನಲ್ಲಿ ಆ ವಿಳಾಸ ಇದ್ದರೆ ಬದಲಿಸಿ.

ಗೂಗಲಿನಿಂದ ಬರುವವರು ಕಡಿಮೆ, ಆದರೆ ಗಟ್ಟಿ. ಅವರು ಹುಡುಕಿಕೊಂಡು ಬಂದವರು. ಕೊರತೆ ಏನೆಂದರೆ ಅಲ್ಲಿ ಕಾಣುವುದು ಯಾರ್ಡು, ಯಾವ ಗಾಡಿ ಇದೆ ಎಂಬುದಲ್ಲ.

ಫಾರ್ಮೋ ವಾಟ್ಸಾಪೋ?

ಫೇಸ್‌ಬುಕ್, ಇನ್‌ಸ್ಟಾಗ್ರಾಂ ಜಾಹೀರಾತಿಗೆ ದುಡ್ಡು ಹಾಕುವವರು ತೀರ್ಮಾನಿಸಬೇಕಾದದ್ದು ಇದನ್ನೇ. ಬಟನ್ ಒತ್ತಿದವರು ಫಾರ್ಮ್ ತುಂಬಬೇಕೋ, ನೇರ ವಾಟ್ಸಾಪಿಗೆ ಬರಬೇಕೋ?

ಫಾರ್ಮ್ ನೋಡಲು ಚಂದ. ಹೆಸರು, ನಂಬರು ಪ್ರೊಫೈಲಿನಿಂದ ತಾನಾಗಿ ತುಂಬಿಕೊಳ್ಳುತ್ತವೆ, ಆದ್ದರಿಂದ ಲೀಡು (ಆಸಕ್ತಿ ತೋರಿದ ಒಬ್ಬರ ವಿವರ) ಅಗ್ಗ. ತೊಂದರೆ ಹುಟ್ಟುವುದೂ ಅಲ್ಲಿಂದಲೇ. ಹಲವರ ಪ್ರೊಫೈಲಿನಲ್ಲಿ ಇರುವುದು ವರ್ಷಗಳ ಹಿಂದಿನ ಸಿಮ್, ಅಥವಾ ಗಲ್ಫಿಗೆ ಹೋಗುವ ಮೊದಲಿನ ಊರಿನ ನಂಬರು. ಕರೆ ಮಾಡಿದರೆ ಸ್ವಿಚ್ ಆಫ್. ಹೆಬ್ಬೆರಳು ತಾಗಿ ಫಾರ್ಮ್ ಹೋದವರಿಗೆ ಮರುದಿನ ನೆನಪೇ ಇರುವುದಿಲ್ಲ. ಇದಕ್ಕೆ ಮದ್ದು ಮೂರು. ಫಾರ್ಮಿನ ಬಗೆಯಲ್ಲಿ ‘ಮೋರ್ ವಾಲ್ಯೂಮ್’ ಬಿಟ್ಟು ‘ಹೈಯರ್ ಇಂಟೆಂಟ್’ ಆರಿಸಿ. ಕಳಿಸುವ ಮೊದಲು ಇನ್ನೊಮ್ಮೆ ನೋಡಿ ಒಪ್ಪುವ ಹೆಜ್ಜೆ ಸೇರುತ್ತದೆ. ಲೀಡು ಕಡಿಮೆಯಾಗುತ್ತದೆ, ಫೋನ್ ಎತ್ತುವವರು ಹೆಚ್ಚುತ್ತಾರೆ. ಬಜೆಟ್ ಎಷ್ಟು, ಯಾವಾಗ ಬೇಕು ಎಂಬ ಎರಡು ಪ್ರಶ್ನೆಗೆ ಆಯ್ಕೆ ಕೊಡಿ. ಮೂರನೆಯ ಪ್ರಶ್ನೆಗೆ ಮಾತ್ರ ಉತ್ತರ ಟೈಪ್ ಮಾಡಿಸಿ: ‘ಎಕ್ಸ್‌ಚೇಂಜಿಗೆ ಯಾವ ಗಾಡಿ ಉಂಟು?’ ಟೈಪ್ ಮಾಡುವಷ್ಟು ವ್ಯವಧಾನ ಇದ್ದವರಿಗೆ ಗಾಡಿಯ ಆಸೆಯೂ ಇರುತ್ತದೆ. ಕೊನೆಯದಾಗಿ, ಹದಿನೈದು ನಿಮಿಷದೊಳಗೆ ಕರೆ. ಅಷ್ಟು ಬೇಗ ಕರೆ ಮಾಡುವ ಆಳು ಇಲ್ಲದಿದ್ದರೆ ಫಾರ್ಮಿಗೆ ಕೈ ಹಾಕಲೇಬೇಡಿ.

ಇನ್ನೆರಡು ಸಣ್ಣ ವಿಷಯ. ಫಾರ್ಮಿಗೆ ಪ್ರೈವೆಸಿ ಪಾಲಿಸಿಯ ಲಿಂಕ್ ಕಡ್ಡಾಯ, ಹಾಗಾಗಿ ಒಂದು ಪುಟದ ವೆಬ್‌ಸೈಟಾದರೂ ಬೇಕು. (ಇಷ್ಟು ಸಣ್ಣ ಯಾರ್ಡಿಗೆ ವೆಬ್‌ಸೈಟಿನಿಂದ ಬೇರೆ ಪ್ರಯೋಜನ ಕಾಣಲಿಲ್ಲ.) ಬಂದ ಲೀಡುಗಳನ್ನು 90 ದಿನದೊಳಗೆ ಡೌನ್‌ಲೋಡ್ ಮಾಡಬೇಕು, ಆಮೇಲೆ ಸಿಗುವುದಿಲ್ಲ.

ವಾಟ್ಸಾಪಿಗೆ ಒಯ್ಯುವ ಜಾಹೀರಾತಿನಲ್ಲಿ ಸುಳ್ಳು ನಂಬರಿನ ಪ್ರಶ್ನೆಯೇ ಇಲ್ಲ. ಮಾತಾಡುತ್ತಿರುವ ನಂಬರೇ ಎದುರಿಗಿದೆ. ಬದಲಿಗೆ ‘ಹಾಯ್’ ಎಂದು ಬಂದು ಮಾಯವಾಗುವವರು ಧಾರಾಳ. ವಾಟ್ಸಾಪ್ ಬಿಸಿನೆಸ್ ಆ್ಯಪಿನಲ್ಲಿ ತಾನಾಗಿ ಹೋಗುವ ಗ್ರೀಟಿಂಗ್ ಸಂದೇಶ ಇಡಿ. ಅದು ಹೊಸಬರಿಗೆ, ಇಲ್ಲವೇ 14 ದಿನ ಮಾತಾಡದವರಿಗೆ ಮಾತ್ರ ಹೋಗುತ್ತದೆ. ಅದರಲ್ಲಿ ಯಾರ್ಡಿನ ಪುರಾಣ ಬೇಡ, ಉತ್ತರಿಸಲು ಸುಲಭವಾದ ಒಂದು ಪ್ರಶ್ನೆ ಸಾಕು: ‘ಪೆಟ್ರೋಲೋ ಡೀಸೆಲೋ?’ ಉತ್ತರ ಬಂದರೆ ಮಾತು ಬೆಳೆಯುತ್ತದೆ.

ಅದೇ ಆ್ಯಪಿನ ಕ್ಯಾಟಲಾಗಿನಲ್ಲಿ 500 ಐಟಂ, ಒಂದೊಂದಕ್ಕೆ ಹತ್ತು ಫೋಟೋ ಹಿಡಿಸುತ್ತವೆ. ಮಾರಿದ ಗಾಡಿಯನ್ನು ಅದೇ ಸಂಜೆ ತೆಗೆಯದಿದ್ದರೆ ‘ಗಾಡಿ ಉಂಟಾ?’ ಎಂಬ ಪ್ರಶ್ನೆಗೆ ‘ಇಲ್ಲ’ ಎನ್ನುವುದರಲ್ಲೇ ದಿನ ಹೋಗುತ್ತದೆ. ಕ್ವಿಕ್ ರಿಪ್ಲೈ, ಅಂದರೆ ಮೊದಲೇ ಬರೆದಿಟ್ಟ ಉತ್ತರ, 50ರವರೆಗೆ ಇಡಬಹುದು. ಬೇಕೇ ಬೇಕಾದದ್ದು ದಾಖಲೆಗಳದ್ದು: ಆರ್‌ಸಿ ವರ್ಗಾವಣೆಗೆ ಫಾರಂ 29 ಮತ್ತು 30, ಸಾಲ ತೀರಿದ ಗಾಡಿಗೆ ಫಾರಂ 35, ಬೇರೆ ರಾಜ್ಯಕ್ಕೆ ಹೋಗುವುದಿದ್ದರೆ ಎನ್‌ಒಸಿಗೆ (ನಿರಾಕ್ಷೇಪಣಾ ಪತ್ರಕ್ಕೆ) ಫಾರಂ 28. ಫೋನು ಒಂದರ ಜೊತೆ ಇನ್ನು ನಾಲ್ಕು ಸಾಧನ ಜೋಡಿಸಬಹುದಾದ್ದರಿಂದ ಇಬ್ಬರು ಮೂವರು ಒಂದೇ ನಂಬರಿನಲ್ಲಿ ಉತ್ತರಿಸಲು ಅಡ್ಡಿಯಿಲ್ಲ. ಆ ಸಿಮ್ ಯಾರ್ಡಿನ ಹೆಸರಿನಲ್ಲಿರಲಿ. ಸೇಲ್ಸ್ ಹುಡುಗನ ಸ್ವಂತ ಸಿಮ್ಮಾದರೆ ಅವನು ಕೆಲಸ ಬಿಟ್ಟ ದಿನ ಗಿರಾಕಿಗಳೂ ಅವನ ಹಿಂದೆಯೇ.

ಬ್ರಾಡ್‌ಕಾಸ್ಟ್ ಪಟ್ಟಿಗೆ 256 ಜನರ ಮಿತಿ, ಅದೂ ನಿಮ್ಮ ನಂಬರ್ ಸೇವ್ ಮಾಡಿದವರಿಗೆ ಮಾತ್ರ ತಲುಪುತ್ತದೆ. ಎಲ್ಲಿಂದಲೋ ಕೊಂಡ ನಂಬರುಗಳಿಗೆ ಒಂದೊಂದಾಗಿ ಕಳಿಸಿದರೆ ಜನ ಬ್ಲಾಕ್ ಮಾಡುತ್ತಾರೆ, ನಿಮ್ಮ ನಂಬರೇ ಬ್ಯಾನ್ ಆಗಬಹುದು.

ಕಾಸರಗೋಡಿನಲ್ಲಿ ವಾಟ್ಸಾಪ್ ಗೆಲ್ಲುವ ಮುಖ್ಯ ಕಾರಣ ಗಲ್ಫ್. ಗಾಡಿ ನೋಡಲು ಬರುವುದು ಊರಲ್ಲಿರುವ ತಮ್ಮನೋ ಮಾವನೋ. ದುಡ್ಡು ಕೊಡುವವರು, ಒಪ್ಪುವವರು ದುಬೈಯಲ್ಲೋ ಶಾರ್ಜಾದಲ್ಲೋ ಇರುತ್ತಾರೆ. ಯುಎಇಯಲ್ಲಿ ವಾಟ್ಸಾಪ್ ಕರೆ, ವಿಡಿಯೋ ಕರೆ ನಡೆಯುವುದಿಲ್ಲ, ಆದ್ದರಿಂದ ‘ಲೈವ್ ತೋರಿಸುತ್ತೇವೆ’ ಎಂಬ ಮಾತು ಅಲ್ಲಿಗೆ ವ್ಯರ್ಥ. ರೆಕಾರ್ಡ್ ಮಾಡಿದ ಎರಡು ಮೂರು ನಿಮಿಷದ ವಿಡಿಯೋ, ಜೊತೆಗೆ ವಾಯ್ಸ್ ಮೆಸೇಜ್ ಕಳಿಸಿ. ವಿಡಿಯೋದಲ್ಲಿ ತಣ್ಣಗಿನ ಎಂಜಿನ್ ಸ್ಟಾರ್ಟ್ ಆಗುವುದು, ಸೈಲೆನ್ಸರಿನ ಹೊಗೆ, ಮೀಟರ್, ಡಿಕ್ಕಿಯ ಮ್ಯಾಟ್ ಎತ್ತಿದ ನೆಲ, ಬಾಗಿಲಿನ ರಬ್ಬರ್ ಬೀಡಿಂಗ್ ಸರಿಸಿದ ಅಂಚು, ಗಾಡಿಯ ಅಡಿಭಾಗ ಕಾಣಬೇಕು. ಕಡಲ ಗಾಳಿಯ ಊರು, ತುಕ್ಕು ಕೇಳಿಯೇ ಕೇಳುತ್ತಾರೆ. ಟಯರಿನ ನಾಲ್ಕು ಅಂಕಿಯನ್ನು ಹತ್ತಿರದಿಂದ ತೋರಿಸಿ. 2321 ಎಂದರೆ 2021ರ 23ನೇ ವಾರ ತಯಾರಾದದ್ದು. ಗೀರು ಕಾಣಬೇಕಾದ ಫೋಟೋವನ್ನು ಎಚ್‌ಡಿಯಲ್ಲಿ ಅಥವಾ ಡಾಕ್ಯುಮೆಂಟ್ ಆಗಿ ಕಳಿಸಿ, ಇಲ್ಲದಿದ್ದರೆ ಆ್ಯಪ್ ಅದನ್ನು ಕುಗ್ಗಿಸಿ ಗೀರನ್ನೇ ಅಳಿಸುತ್ತದೆ, ಆಮೇಲೆ ‘ಮುಚ್ಚಿಟ್ಟಿರಿ’ ಎಂಬ ದೂರು. ಅಲ್ಲಿ ರಾತ್ರಿ ಒಂಬತ್ತಾದಾಗ ಇಲ್ಲಿ ಹತ್ತೂವರೆ. ಒಬ್ಬರಾದರೂ ಆ ಹೊತ್ತಿಗೆ ಫೋನ್ ನೋಡುತ್ತಿರಬೇಕು.

ಒಟ್ಟಿನಲ್ಲಿ ಫಾರ್ಮಿನ ಲೀಡು ಅಗ್ಗ, ವಾಟ್ಸಾಪಿನ ಮಾತು ತುಸು ದುಬಾರಿ. ಯಾರ್ಡಿನವರೆಗೆ ಬಂದವರ ಲೆಕ್ಕ ಹಾಕಿದರೆ ವಾಟ್ಸಾಪೇ ಮೇಲು. ಫಾರ್ಮಿಗೆ ಅರ್ಥ ಇರುವುದು ಫೋನ್ ಮಾಡಲೆಂದೇ ಜನ ಕೂರಿಸಿದ ಹೊಸ ಕಾರಿನ ಶೋರೂಮುಗಳಿಗೆ, ಟೆಸ್ಟ್ ಡ್ರೈವ್ ಬುಕಿಂಗಿಗೆ.

ಜಾಹೀರಾತಿನ ಸುತ್ತಳತೆ, ಭಾಷೆ, ಬೆಲೆ

ಕಾಸರಗೋಡು ಪೇಟೆಯಲ್ಲಿ ಪಿನ್ ಇಟ್ಟು 40 ಕಿಲೋಮೀಟರ್ ಸುತ್ತು ಹಾಕಿದರೆ ಅರ್ಧ ಅರಬ್ಬಿ ಸಮುದ್ರ, ಉತ್ತರದ ತುದಿ ಮಂಗಳೂರಿನ ಬಾಗಿಲಿಗೆ. ಮಂಗಳೂರಿನವರು ಕೆಎಲ್-14 (ಕಾಸರಗೋಡು ರಿಜಿಸ್ಟ್ರೇಷನ್) ಗಾಡಿಯ ಬೆಲೆ ಕೇಳಿ, ಎನ್‌ಒಸಿ, ಕರ್ನಾಟಕದ ಟ್ಯಾಕ್ಸ್ ಲೆಕ್ಕ ಹಾಕಿ ಹಿಂದೆ ಸರಿಯುತ್ತಾರೆ. ಅವರ ಒಂದೊಂದು ಕ್ಲಿಕ್ಕಿಗೂ ದುಡ್ಡು ನಿಮ್ಮದೇ. ಮಂಗಳೂರನ್ನು ಹೊರಗಿಡಿ, ಅಥವಾ ಮೊದಲ ಸಾಲಿನಲ್ಲೇ ‘ಕೇರಳ ರಿಜಿಸ್ಟ್ರೇಷನ್’ ಎಂದು ಬರೆಯಿರಿ.

ಉಪ್ಪಳ, ಪೆರ್ಲ, ಬದಿಯಡ್ಕ, ಮುಳ್ಳೇರಿಯಾ ಕಡೆಗೆ ಕನ್ನಡದ ಜಾಹೀರಾತು. ಚಟ್ಟಂಚಾಲ್, ಕಾಞಂಗಾಡ್, ನೀಲೇಶ್ವರಕ್ಕೆ ಮಲಯಾಳದ್ದು. ಒಂದೇ ಚಿತ್ರದ ಮೇಲೆ ಎರಡೂ ಲಿಪಿ ತುರುಕಿದರೆ ಫೋನಿನಲ್ಲಿ ಯಾವುದೂ ಓದಲು ಸಿಗದು. ಕುಂಬಳೆಗೆ ಎರಡನ್ನೂ ಬೇರೆ ಬೇರೆಯಾಗಿ ಹಾಕಿದರೆ ಸರಿ.

‘ಬೆಲೆಗೆ ಇನ್‌ಬಾಕ್ಸ್ ಮಾಡಿ’ ಎಂಬ ಚಾಳಿ ಬಿಟ್ಟರೆ ಒಳ್ಳೆಯದು. ಬೆಲೆ, ಓನರ್‌ಶಿಪ್, ಇನ್ಶೂರೆನ್ಸ್ ಮುಗಿಯುವ ತಿಂಗಳು ಇಷ್ಟು ಬರೆದರೆ ಅರ್ಧ ಕಾಡುಹರಟೆ ತಪ್ಪುತ್ತದೆ. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಪೆಟ್ರೋಲ್ ಕಾರುಗಳ ಜಿಎಸ್‌ಟಿ 28ರಿಂದ 18 ಶೇಕಡಾಕ್ಕೆ ಇಳಿದು ಹೊಸ ಗಾಡಿಯ ಬೆಲೆಯೇ ಕೆಳಗೆ ಬಂತು. ಅದಕ್ಕಿಂತ ಹಿಂದಿನ ಬೆಲೆಯ ಪೋಸ್ಟುಗಳು ಇನ್ನೂ ಇದ್ದರೆ ಅಳಿಸಿ.

ದಿನಕ್ಕೆ 300–400 ರೂಪಾಯಿ ಸಾಕು, ಅದರ ಮೇಲೆ ಜಿಎಸ್‌ಟಿ 18 ಶೇಕಡಾ. ಫೇಸ್‌ಬುಕ್, ಇನ್‌ಸ್ಟಾಗ್ರಾಂ ನಡೆಸುವ ಮೆಟಾದ ವ್ಯವಸ್ಥೆ ಜಾಹೀರಾತನ್ನು ಪಳಗಿಸಿಕೊಳ್ಳಲು ವಾರಕ್ಕೆ ಸುಮಾರು 50 ಫಲಿತಾಂಶ ಬೇಡುತ್ತದೆ. ಇಷ್ಟು ಬಜೆಟ್ಟಿಗೆ ಅದು ಸಿಗದೆ ‘ಲರ್ನಿಂಗ್ ಲಿಮಿಟೆಡ್’ ಎಂದು ತೋರಿಸಿದರೂ ಗಾಬರಿ ಬೇಡ. ದಿನಾ ಬಜೆಟ್, ಫೋಟೋ ಬದಲಿಸುವುದೇ ಹೆಚ್ಚು ಹಾನಿ, ಆಗ ಕಲಿಕೆ ಮತ್ತೆ ಮೊದಲಿನಿಂದ ಶುರುವಾಗಬಹುದು.

ಓಎಲ್‌ಎಕ್ಸ್ ಎಲ್ಲಿಗೆ?

ಎರಡು ಲಕ್ಷದ ಒಳಗಿನ ಹಳೆ ಗಾಡಿಗೆ, ಬೇಗ ಜಾಗ ಖಾಲಿಯಾಗಬೇಕಾದಾಗ. ಓಎಲ್‌ಎಕ್ಸಿನ ಭಾರತದ ವಾಹನ ವ್ಯವಹಾರ 2023ರಿಂದ ಕಾರ್‌ಟ್ರೇಡ್ ಕಂಪನಿಯ ಕೈಯಲ್ಲಿದೆ. ಮೊದಲ ಕರೆಗಳು ಬ್ರೋಕರುಗಳದ್ದು, ಮೊದಲ ಪ್ರಶ್ನೆ ‘ಲಾಸ್ಟ್ ಎಷ್ಟು?’ ಫೋಟೋ ಕದ್ದು, ಸೈನಿಕನ ವೇಷದಲ್ಲಿ ಅದೇ ಗಾಡಿಯನ್ನು ಅರ್ಧ ಬೆಲೆಗೆ ತೋರಿಸಿ ಅಡ್ವಾನ್ಸ್ ಕೇಳುವ ಮೋಸ ಹಳೆಯದಾದರೂ ನಿಂತಿಲ್ಲ. ಯಾರ್ಡಿನ ಹೆಸರನ್ನು ಫೋಟೋದ ನಡುವೆಯೇ ಅಚ್ಚು ಹಾಕಿ, ಮೂಲೆಯಲ್ಲಿ ಹಾಕಿದರೆ ಕತ್ತರಿಸಿಬಿಡುತ್ತಾರೆ. ನಂಬರ್ ಪ್ಲೇಟನ್ನು ಫೋಟೋದಲ್ಲಿ ಮುಚ್ಚಿ, ಸರ್ಕಾರದ ವಾಹನ ದಾಖಲೆಯ ತಾಣ ಪರಿವಾಹನ್‌ನಲ್ಲಿ ನೋಡಬೇಕೆಂದವರಿಗೆ ಚಾಟಿನಲ್ಲಿ ಕೊಡಿ.

ಇನ್ನು ಆಟಿ ತಿಂಗಳು. ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ ಇಲ್ಲಿ ಗಾಡಿ ಮನೆಗೆ ತರುವವರು ವಿರಳ, ಮಲಯಾಳಿಗಳಿಗೂ ಅದು ಶುಭಕಾರ್ಯಕ್ಕೆ ಆಗದ ಕರ್ಕಟಕ. ಆಗ ಮಾರಾಟದ ಜಾಹೀರಾತು ನಿಲ್ಲಿಸಿ, ಅದೇ ದುಡ್ಡಿಗೆ ‘ನಿಮ್ಮ ಗಾಡಿ ಕೊಡುವುದುಂಟೇ?’ ಎಂಬ ಜಾಹೀರಾತು ಓಡಿಸಿ ಸ್ಟಾಕ್ ತುಂಬಿಕೊಳ್ಳಿ. ಓಣಂ ಮಾರಾಟದ ಜಾಹೀರಾತನ್ನು ಆಟಿಯ ಕೊನೆಯ ವಾರದಲ್ಲೇ ಶುರುಮಾಡಿ. ಬ್ಯಾಂಕಿನಲ್ಲಿ ಲೋನ್ ಪಾಸಾಗಲು ಅಷ್ಟು ದಿನ ಬೇಕೇ ಬೇಕು.