ಜೆ.ಸಿ. ರಸ್ತೆ ಹಿಂಬದಿಯ ಆಟೋ ಎಲೆಕ್ಟ್ರಿಕಲ್ ಅಂಗಡಿ: ಹಳೆಯ ಎಂಜಿಬಿಯ ವೈಪರ್ ರಿಪೇರಿ

ಹಳೆಯ ಬ್ರಿಟಿಷ್ ಸ್ಪೋರ್ಟ್ಸ್ ಕಾರಿನ ವೈಪರ್ ಕೈಕೊಟ್ಟರೆ ಗ್ಯಾರೇಜುಗಳಲ್ಲಿ ಸಾಮಾನ್ಯವಾಗಿ ಸಿಗುವ ಉತ್ತರ ಒಂದೇ: ಮೋಟಾರು ಹೋಗಿದೆ, ಹೊಸದು ತರಿಸಿ. ಬೆಂಗಳೂರಿನ ಜೆ.ಸಿ. ರಸ್ತೆಯಿಂದ ಕಲಾಸಿಪಾಳ್ಯದ ಕಡೆಗೆ ಹೋಗುವ ಗಲ್ಲಿಯೊಂದರಲ್ಲಿ, ಬೋರ್ಡು ಕೂಡ ಇಲ್ಲದ ಪುಟ್ಟ ಅಂಗಡಿಯನ್ನು ನಡೆಸುತ್ತಿರುವ ಹಿರಿಯ ಎಲೆಕ್ಟ್ರಿಷಿಯನ್ ಒಬ್ಬರು ಯಾವ ಭಾಗವನ್ನೂ ತರಿಸಲು ಹೇಳುವ ಮೊದಲು ದೋಷ ಎಲ್ಲಿದೆಯೆಂದು ಅಳೆದು ನೋಡಿದರು. ಈ ವಿಮರ್ಶೆ ಬರೆಯುವುದಕ್ಕೆ ಅದೇ ಕಾರಣ.

ಕಾರು 1969ರ ಎಂಜಿಬಿ ರೋಡ್‌ಸ್ಟರ್. ಇಂಗ್ಲೆಂಡಿನ ಅಬಿಂಗ್ಡನ್‌ನಲ್ಲಿ 1962ರಿಂದ 1980ರವರೆಗೆ ತಯಾರಾದ ಈ ಮಾದರಿಯ ಮೊದಲ ಕಾರುಗಳಲ್ಲಿ ಒಂದೇ ವೇಗದ ವೈಪರ್ ಇತ್ತು. ನಮ್ಮದರಲ್ಲಿರುವುದು ಆನಂತರ ಬಂದ, ಎರಡು ವೇಗದ ಲ್ಯೂಕಾಸ್ 14ಡಬ್ಲ್ಯು ಮೋಟಾರು. ಗಾಜು ಒದ್ದೆಯಾಗಿದ್ದರೂ ವೈಪರುಗಳು ತೆವಳುತ್ತಿದ್ದವು, ಎಡಗಡೆಯದು ಬುಡದಲ್ಲೇ ಸಡಿಲವಾಗಿ ಅಲುಗಾಡುತ್ತಿತ್ತು, ಸ್ವಿಚ್ಚು ಆರಿಸಿದರೆ ಎರಡೂ ಗಾಜಿನ ಕೆಳ ಅಂಚಿಗೆ ಬಂದು ಮಲಗುವ ಬದಲು ನಾಲ್ಕು ಬೆರಳು ಮೇಲೆಯೇ ನಿಂತುಬಿಡುತ್ತಿದ್ದವು. ಸೆಪ್ಟೆಂಬರ್, ಅಕ್ಟೋಬರ್ ತಿಂಗಳ ಸಂಜೆಮಳೆಯಲ್ಲಿ ಇಂಥ ಕಾರನ್ನು ಹೊರಗೆ ತೆಗೆಯುವ ಧೈರ್ಯ ಯಾರಿಗೂ ಬರಲಾರದು. ಮೊದಲು ತೋರಿಸಿದ್ದ ಬೇರೊಂದು ಗ್ಯಾರೇಜಿನವರು ಬಾನೆಟ್ ತೆರೆದು ನೋಡಿ, ಇಂಗ್ಲೆಂಡಿನಿಂದ ಮೋಟಾರು ತರಿಸಲು ಎಸ್ಟಿಮೇಟ್ ಬರೆದುಕೊಟ್ಟಿದ್ದರು.

ಈ ಕಾರಿನ ವೈಪರ್ ವ್ಯವಸ್ಥೆ ಈಗಿನ ಕಾರುಗಳಂತಲ್ಲ. ಮೋಟಾರಿನ ಗೇರಿಗೆ ಕೂಡಿಸಿದ ಸಣ್ಣ ರಾಡು, ಹೊರಮೈಗೆ ಸುರುಳಿಯಾಗಿ ತಂತಿ ಸುತ್ತಿದ ಕೇಬಲನ್ನು ಲೋಹದ ಕೊಳವೆಯೊಳಗೆ ಹಿಂದಕ್ಕೂ ಮುಂದಕ್ಕೂ ಎಳೆದಾಡುತ್ತದೆ. ಆ ಸುರುಳಿಯೇ ಡ್ಯಾಶ್‌ಬೋರ್ಡಿನ ಹಿಂದಿರುವ ವ್ಹೀಲ್‌ಬಾಕ್ಸುಗಳ ಹಲ್ಲುಚಕ್ರಗಳನ್ನು ತಿರುಗಿಸಿ ವೈಪರ್ ಕೈಗಳನ್ನು ಆಡಿಸುತ್ತದೆ. ಹೀಗಾಗಿ ವೈಪರ್ ನಿಧಾನವಾಯಿತೆಂದರೆ ತಪ್ಪು ಮೋಟಾರಿನಲ್ಲೂ ಇರಬಹುದು, ಕೇಬಲಿನಲ್ಲೂ ಇರಬಹುದು, ಮೋಟಾರಿಗೆ ಬರುವ ಕರೆಂಟಿನಲ್ಲೂ ಇರಬಹುದು.

ಅವರು ಮೊದಲು ವೈಪರ್ ಕೈಗಳನ್ನು ಕಳಚಿ, ಗೇರ್ ಪೆಟ್ಟಿಗೆಯ ಮುಚ್ಚಳ ತೆಗೆದು, ಕೇಬಲನ್ನು ಬಿಡಿಸಿ, ಮೋಟಾರನ್ನು ಒಂದು ನಿಮಿಷ ಬರಿದೇ ಓಡಲು ಬಿಟ್ಟರು. ಹೊರೆಯಿಲ್ಲದೆ ಓಡುವಾಗ ಈ ಮೋಟಾರು ಕಡಿಮೆ ವೇಗದಲ್ಲಿ ಸುಮಾರು 1.5 ಆಂಪಿಯರ್, ಹೆಚ್ಚಿನ ವೇಗದಲ್ಲಿ ಸುಮಾರು 2 ಆಂಪಿಯರ್ ಎಳೆಯಬೇಕು. ಮೀಟರು ತೋರಿಸಿದ್ದೂ ಹೆಚ್ಚುಕಡಿಮೆ ಅಷ್ಟೇ. "ಮೋಟಾರಿಗೆ ಏನೂ ಆಗಿಲ್ಲ ಸಾರ್, ಅದು ಎಳೀತಿರೋ ಭಾರ ನೋಡ್ಬೇಕು" ಎಂದವರು, ಹಳೇ ಪೇಪರ್ ಕೊಳ್ಳುವವರ ಬಳಿ ಇರುವಂಥ ಕೊಕ್ಕೆ ತಕ್ಕಡಿಯನ್ನು ಕೇಬಲಿನ ತುದಿಗೆ ಸಿಕ್ಕಿಸಿ ಎಳೆದರು. ಮೂರು ಕಿಲೋ ಬಲಕ್ಕೂ ಮೊದಲೇ ಸಲೀಸಾಗಿ ಜಾರಬೇಕಾದ ಕೇಬಲು, ಮುಳ್ಳು ಆರನ್ನು ದಾಟಿದ ಮೇಲೆ ಮಿಸುಕಿತು. ಹೊರಗೆಳೆದಾಗ ಸುರುಳಿಯ ಸಂದುಗಳಲ್ಲಿ ಹಳೆಯ ಗ್ರೀಸು ಹಲಸಿನ ಅಂಟಿನಂತೆ ಗಟ್ಟಿಯಾಗಿ ಕೂತಿತ್ತು. ಡೀಸೆಲ್‌ನಲ್ಲಿ ತೊಳೆದು, ಕೊಳವೆಯೊಳಗೂ ಬಟ್ಟೆ ಹಾಯಿಸಿ, ಹೊಸ ಗ್ರೀಸು ಸವರಿ ಕೂರಿಸಿದರು.

ಎಡಗಡೆಯ ಅಲುಗಾಟಕ್ಕೆ ಅವರು ಕಂಡುಕೊಂಡ ಪರಿಹಾರ ಇನ್ನೂ ಸೊಗಸಾದದ್ದು. ವ್ಹೀಲ್‌ಬಾಕ್ಸಿನ ಚಕ್ರ ಎಂದೂ ಪೂರ್ತಿ ಸುತ್ತು ತಿರುಗುವುದಿಲ್ಲವಾದ್ದರಿಂದ ಹಲ್ಲುಗಳು ಒಂದೇ ಪಕ್ಕದಲ್ಲಿ ಸವೆದಿರುತ್ತವೆ. ಕೇಬಲು ಹೊರಗಿದ್ದಾಗಲೇ ಚಕ್ರವನ್ನು ಅರ್ಧ ಸುತ್ತು ತಿರುಗಿಸಿದರೆ, ಇಷ್ಟು ವರ್ಷ ಕೆಲಸವೇ ಮಾಡದ ಹೊಸ ಹಲ್ಲುಗಳು ಸುರುಳಿಗೆ ಕಚ್ಚಿಕೊಳ್ಳುತ್ತವೆ. ಕಾಸಿನ ಖರ್ಚಿಲ್ಲದೆ ಅಲುಗಾಟ ಬಹುಪಾಲು ಹೋಯಿತು.

ಕರೆಂಟಿನ ಕಡೆಯೂ ಕೊರತೆಯಿತ್ತು. ವೈಪರ್ ಓಡುತ್ತಿರುವಾಗ ಬ್ಯಾಟರಿಯಲ್ಲಿ 12.4 ವೋಲ್ಟ್ ಇದ್ದರೆ ಮೋಟಾರಿಗೆ ತಲುಪುತ್ತಿದ್ದದ್ದು 10.8 ಮಾತ್ರ. ಫ್ಯೂಸ್ ಪೆಟ್ಟಿಗೆಯ ಹಿತ್ತಾಳೆ ಕ್ಲಿಪ್ಪುಗಳಿಗೆ ಕಿಲುಬು ಹಿಡಿದಿತ್ತು, ಅರ್ತ್ ವೈರಿನ ತುದಿಯನ್ನು ಯಾರೋ ಪೇಂಟಿನ ಮೇಲೆಯೇ ಬಿಗಿದಿದ್ದರು. ಎರಡನ್ನೂ ಎಮೆರಿ ಕಾಗದದಿಂದ ಉಜ್ಜಿದ ಮೇಲೆ ನಷ್ಟ ಅರ್ಧ ವೋಲ್ಟಿಗಿಂತ ಕೆಳಗಿಳಿಯಿತು.

ವೈಪರ್ ಮಲಗುವ ಜಾಗವನ್ನು ಹೊಂದಿಸುವಾಗ ಅವರು ಅನುಸರಿಸಿದ ಕ್ರಮವನ್ನು ಹಳೆಯ ಕಾರು ಇಟ್ಟುಕೊಂಡವರೆಲ್ಲ ತಿಳಿದಿರಬೇಕು. ಮೋಟಾರನ್ನು ಓಡಿಸಿ, ವೈಪರ್ ಸ್ವಿಚ್ಚಿನಿಂದಲೇ ಆರಿಸಬೇಕು. ಕೀ ತಿರುಗಿಸಿ ಆರಿಸಿದರೆ ವೈಪರನ್ನು ಮಲಗುವ ಜಾಗಕ್ಕೆ ತಂದು ನಿಲ್ಲಿಸುವ ಪಾರ್ಕಿಂಗ್ ಸ್ವಿಚ್ಚಿಗೂ ಕರೆಂಟು ತಪ್ಪಿ, ಮೋಟಾರು ಇದ್ದಲ್ಲೇ ನಿಲ್ಲುತ್ತದೆ. ಮೋಟಾರು ತನ್ನ ಜಾಗಕ್ಕೆ ಬಂದು ನಿಂತ ಮೇಲೆಯೇ ವೈಪರ್ ಕೈಗಳನ್ನು ಸ್ಪ್ಲೈನಿನ (ಅವು ಕೂರುವ ಹಲ್ಲುಳ್ಳ ತುದಿಯ) ಮೇಲೆ ಒತ್ತಿ ಕೂರಿಸಿ, ಗಾಜಿಗೆ ನೀರು ಚಿಮುಕಿಸಿ ಪರೀಕ್ಷಿಸಬೇಕು; ಒಣ ಗಾಜಿನ ಮೇಲೆ ಓಡಿಸಿದರೆ ಒಳ್ಳೆಯ ವೈಪರೂ ತೆವಳುತ್ತದೆ. ಮೊದಲ ಎಂಜಿಬಿಗಳಲ್ಲಾದರೆ ಗೇರ್ ಪೆಟ್ಟಿಗೆಯ ಮೇಲಿನ ಗುಮ್ಮಟದಂಥ ಮುಚ್ಚಳವನ್ನು ಸ್ವಲ್ಪ ಸಡಿಲಿಸಿ ತಿರುಗಿಸಿಯೂ ಈ ಜಾಗವನ್ನು ಬದಲಿಸಬಹುದಿತ್ತು. ನಮ್ಮ ಮೋಟಾರಿನಲ್ಲಿ ಆ ಸೌಲಭ್ಯವಿಲ್ಲ, ಸ್ಪ್ಲೈನಿನ ಒಂದೊಂದು ಹಲ್ಲಿನ ಲೆಕ್ಕದಲ್ಲೇ ಹೊಂದಿಸಬೇಕು. ಬಲಗಡೆಯದು ಒಂದು ಹಲ್ಲು ಇಳಿಸಿದರೆ ಫ್ರೇಮಿಗೆ ಬಡಿಯುತ್ತಿತ್ತು, ಏರಿಸಿದರೆ ತುಸು ಮೇಲೆ ನಿಲ್ಲುತ್ತಿತ್ತು. ಮೇಲೆಯೇ ಬಿಟ್ಟೆವು.

ಕೆಳಕ್ಕೆ ಬರುವಾಗ ಮಾತ್ರ ಬ್ಲೇಡು ಗಡಗಡ ನಡುಗುತ್ತಿದ್ದುದಕ್ಕೆ ವೈಪರ್ ಕೈ ತಿರುಚಿಕೊಂಡದ್ದು ಕಾರಣವಾಗಿತ್ತು. ಎರಡು ಇಕ್ಕಳದಲ್ಲಿ ಹಿಡಿದು, ರಬ್ಬರು ಗಾಜಿಗೆ ನೇರವಾಗಿ ನಿಲ್ಲುವಂತೆ ಬಾಗಿಸಿದರು. ಇದಕ್ಕೆ ಅನುಭವಸ್ಥರ ಕೈಯೇ ಬೇಕು.

ಒಟ್ಟು ಕೂಲಿ 3,500 ರೂಪಾಯಿ. ಮಾಡಿದ ಕೆಲಸಕ್ಕೆ ಇದು ಕಡಿಮೆಯೇ ಸರಿ. ಆದರೆ ಅಂಗಡಿಯಲ್ಲಿ ಬಿಲ್ಲು ಕೊಡುವ ಪದ್ಧತಿಯಿಲ್ಲ, ಫೋನು ಎತ್ತುವುದು ಅಪರೂಪ, ಹೇಳಿದ ದಿನಕ್ಕೆ ಕಾರು ಸಿಗಲಿಲ್ಲ. ಕೆಲಸ ನಡೆಯುವುದು ರಸ್ತೆಬದಿಯ ಟಾರ್ಪಾಲಿನಡಿಯಾದ್ದರಿಂದ, ವೈಪರ್ ರಿಪೇರಿಗೆ ಬಂದವರ ಕಾರು ಮಳೆ ಬಂದರೆ ಹಾಗೆಯೇ ನಿಂತಿರುತ್ತದೆ. ಬೆಳಿಗ್ಗೆ ಹತ್ತರ ನಂತರ ಆ ಗಲ್ಲಿಯಲ್ಲಿ ಕಾರು ನಿಲ್ಲಿಸಲು ಜಾಗ ಸಿಗುವುದೂ ಕಷ್ಟ. 1967ಕ್ಕಿಂತ ಹಿಂದಿನ ಎಂಜಿಬಿ ಒಯ್ಯುವವರು, ಅದರ ಮೂಲ ವೈರಿಂಗಿನಲ್ಲಿ ಕಾರಿನ ಲೋಹದ ಮೈಗೆ ಕೂಡಿಸಿರುವುದು, ಈಗಿನ ಕಾರುಗಳಂತೆ ಮೈನಸ್ ಅಲ್ಲ, ಬ್ಯಾಟರಿಯ ಪ್ಲಸ್ ತುದಿ ಎಂಬುದನ್ನು ಮೊದಲೇ ಹೇಳಿಬಿಡುವುದು ಕ್ಷೇಮ.

ವೈಪರ್ ಕೈ ಕೂರುವ ಸ್ಪಿಂಡಲಿನ ಬುಡದ ರಬ್ಬರ್ ಸೀಲುಗಳು ಇನ್ನೂ ಬದಲಾಗಿಲ್ಲ. ಅವು ಒಡೆದಿರುವುದನ್ನು ಅವರೇ ತೋರಿಸಿಕೊಟ್ಟರೂ, ಆ ಅಳತೆಯವು ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ ಸಿಗಲಿಲ್ಲ. ಇಂಗ್ಲೆಂಡಿನಿಂದ ತರಿಸಲು ಆರ್ಡರ್ ಹಾಕಿದ್ದೇವೆ. ಅಲ್ಲಿಯವರೆಗೆ ಜೋರು ಮಳೆಯಲ್ಲಿ ಗಾಜು ಸ್ವಚ್ಛವಾಗಿಯೇ ಇರುತ್ತದೆ, ಎಡಗಡೆ ಕೂತವರ ಮೊಣಕಾಲಿನ ಮೇಲೆ ಮಾತ್ರ ನೀರು ತೊಟ್ಟಿಕ್ಕುತ್ತದೆ.