ಎಣ್ಣೆ, ಕರೆಂಟು, ಕನ್ನಡಿ, ಕೈಗವಸು: ಲಕ್ವಾ ಹೊಡೆದ ಬಲಗೈಗೆ ಏನೇನು ಮಾಡಿ ನೋಡಿದೆ

ಲಕ್ವಾ, ಅಂದರೆ ಪಾರ್ಶ್ವವಾಯು, ವಯಸ್ಸಾದವರಿಗೆ ಬರುವುದು ಅಂತ ನಾನೂ ತಿಳಿದಿದ್ದೆ. ನನಗೆ ಬಂದಾಗ 28 ವರ್ಷ. ಮಗಳು ಹುಟ್ಟಿ 16 ದಿನ.

ಎರಡು ವರ್ಷದ ಹಿಂದಿನ ಏಪ್ರಿಲ್. ಹುಬ್ಬಳ್ಳಿಯ ಬಿಸಿಲು. ಬಾಣಂತಿ ಕೋಣೆಯಲ್ಲಿ ಕಿವಿಗೆ ಹತ್ತಿ, ತಲೆಗೆ ಬಟ್ಟೆ, ದಿನಕ್ಕೆ ಎರಡು ಲೋಟ ಬಿಸಿನೀರು. "ಜಾಸ್ತಿ ನೀರ ಕುಡೀಬ್ಯಾಡ, ಹೊಟ್ಟಿ ಬರ್ತದ" ಅಂತ ದೊಡ್ಡವ್ವ. ಮೂರು ದಿನ ತಲೆ ಒಡೆದುಹೋಗುವಂತೆ ನೋಯಿತು. ಗಾಳಿ ಹೊಕ್ಕಿದೆ ಅಂದರು. ನಾಲ್ಕನೇ ದಿನ ಫಿಟ್ಸ್ ಬಂತು. ಎಚ್ಚರವಾದಾಗ ಬಲಗೈ, ಬಲಗಾಲು ಎತ್ತಲು ಬರಲಿಲ್ಲ. ಮೆದುಳಿನಿಂದ ರಕ್ತ ವಾಪಸ್ ಒಯ್ಯುವ ನಾಳದಲ್ಲಿ ಹೆಪ್ಪುಗಟ್ಟಿತ್ತು. ಹೆರಿಗೆಯಾದ ಮೇಲೆ ಕೆಲವು ವಾರ ರಕ್ತಕ್ಕೆ ಹೆಪ್ಪುಗಟ್ಟುವ ಗುಣ ಜಾಸ್ತಿ ಇರುತ್ತದಂತೆ. ಮೈಯಲ್ಲಿ ನೀರು ಕಡಿಮೆಯಾದರೆ ಅಪಾಯ ಇನ್ನೂ ಹೆಚ್ಚು. ಮನೆಯಲ್ಲಿ ಬಾಣಂತಿ ಇದ್ದರೆ ದಯವಿಟ್ಟು ನೀರು ಕೊಡಿ. ಈ ಬರಹದಿಂದ ಅದೊಂದನ್ನೇ ನೆನಪಿಟ್ಟುಕೊಂಡರೂ ಸಾಕು.

ಕಾಲು ಆರು ವಾರದಲ್ಲಿ ಹೆಚ್ಚುಕಡಿಮೆ ಸರಿಹೋಯಿತು. ಕೈ ಸರಿಹೋಗಲಿಲ್ಲ. ಭುಜ ಏಳುತ್ತಿತ್ತು, ಮುಷ್ಟಿ ಮುಚ್ಚುತ್ತಿತ್ತು. ತೆರೆಯುತ್ತಿರಲಿಲ್ಲ. ಆ ಮುಷ್ಟಿ ತೆರೆಯಲು ಮಾಡಿದ ಪ್ರಯತ್ನಗಳ ಲೆಕ್ಕ ಇದು.

ಮೊದಲು ಮನೆಗೇ ಬರುವ ಫಿಜಿಯೋ. ಮೇ, ಜೂನ್. ಒಂದು ಸಲಕ್ಕೆ 500 ರೂಪಾಯಿ, 45 ನಿಮಿಷ. ಹುಡುಗ ಚಿಕ್ಕವನು, ಆದರೆ ಹಟಮಾರಿ. ಎರಡನೇ ದಿನವೇ ಹೇಳಿದ: "ಅಕ್ಕಾ, ಕೈ ನೀವ ಎತ್ರಿ. ನಾ ಎತ್ತೂದಿಲ್ಲ." ನನಗೆ ಸಿಟ್ಟು ಬಂತು. ದುಡ್ಡು ಕೊಡೋದು ಯಾಕೆ ಮತ್ತೆ, ಅಲ್ವಾ? ಎಲ್ಲರೂ ತಂದುಕೊಡುವ ಆ ರಬ್ಬರ್ ಚೆಂಡನ್ನೂ ಅವನು ಕಸಿದುಕೊಂಡ. ನನ್ನ ಕೈ ಮುಚ್ಚಲು ಮೊದಲೇ ತುದಿಗಾಲಲ್ಲಿ ನಿಂತಿತ್ತು, ಹಿಸುಕಿದರೆ ಬಿಗಿತ ಇನ್ನೂ ಜಾಸ್ತಿಯಾಗುತ್ತಿತ್ತು. ಚೆಂಡಿನ ಬದಲು ಒಂದು ಬಟ್ಟಲು ಹುಣಸೆಬೀಜ ಇಟ್ಟ. ಒಂದೊಂದೇ ತೆಗೆದು ಇನ್ನೊಂದು ಬಟ್ಟಲಿಗೆ ಹಾಕಬೇಕು. ಹಾಕಿದ ಬೀಜ ಎಣಿಸಿದರೆ ಎಷ್ಟು ಸಲ ಮಾಡಿದೆ ಅಂತಲೂ ಗೊತ್ತಾಗುತ್ತದೆ. ಮೊದಲ ದಿನ ನಾಲ್ಕು ಬೀಜ. ಜೂನ್ ಕೊನೆಗೆ ಒಂದು ಸಲಕ್ಕೆ 80ರ ಹತ್ತಿರ.

ಅವನಿಗೆ ಬೇರೆ ಊರಲ್ಲಿ ಕೆಲಸ ಸಿಕ್ಕಿತು. ಹಾಗಾಗಿ ಜುಲೈಯಿಂದ ಫಿಜಿಯೋ ಸೆಂಟರ್. ಅಲ್ಲಿ 300 ರೂಪಾಯಿ, ಜೊತೆಗೆ ಆಟೋ ಖರ್ಚು. ಮೆಷಿನ್‌ಗಳು ಬೇಕಾದಷ್ಟು. ಕರೆಂಟ್ ಕೊಡುತ್ತಾರೆ, ಬಿಸಿ ಮೇಣದಲ್ಲಿ ಕೈ ಅದ್ದಿಸುತ್ತಾರೆ. ಕರೆಂಟ್ ಕೊಟ್ಟಾಗ ಬೆರಳು ತಾನಾಗಿ ತೆರೆಯುವುದನ್ನು ನೋಡಿ ಮೊದಲ ದಿನ ಅತ್ತುಬಿಟ್ಟೆ. ಆಮೇಲೆ ಗೊತ್ತಾಯಿತು, ಸ್ವಿಚ್ ಆಫ್ ಮಾಡಿದರೆ ಮತ್ತೆ ಮುಷ್ಟಿ. ಕರೆಂಟ್ ಬಂದಾಗಲೇ ನಾನೂ ತೆರೆಯಲು ಪ್ರಯತ್ನಪಟ್ಟರೆ ಪ್ರಯೋಜನ ಇದೆ. ಅದನ್ನು ನನಗೆ ಹೇಳಿದ್ದು ಮೂರನೇ ವಾರ. ಒಬ್ಬರೇ ಫಿಜಿಯೋ ನಾಲ್ಕು ಜನರನ್ನು ನೋಡುತ್ತಿದ್ದರು, ಅವರನ್ನು ಬೈದು ಉಪಯೋಗವಿಲ್ಲ. ಒಂದು ದಿನ ಹುಣಸೆಬೀಜದ ಚಟದಲ್ಲೇ ಎಣಿಸಿದೆ. ಒಂದು ಗಂಟೆಯಲ್ಲಿ ನನ್ನ ಕೈ ನಿಜವಾಗಿ ಕೆಲಸ ಮಾಡಿದ್ದು 26 ಸಲ.

ನಮ್ಮ ಊರಿನ ಕಥೆ ಮಾತ್ರ ಅಲ್ಲ ಅದು. ಅಮೆರಿಕ, ಕೆನಡಾದ ಆಸ್ಪತ್ರೆಗಳಲ್ಲಿ ಹೀಗೇ ಕೂತು ಎಣಿಸಿದ ಅಧ್ಯಯನವೊಂದು 2009ರಲ್ಲಿ ಬಂದಿದೆ. ಅಲ್ಲಿಯೂ ಕೈಗೆ ಕೆಲಸ ಕೊಟ್ಟ ಸಿಟ್ಟಿಂಗ್‌ಗಳಲ್ಲಿ ಸರಾಸರಿ 32 ಸಲ ಅಷ್ಟೇ. ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ಮೆದುಳು ಬದಲಾಗಲು ದಿನಕ್ಕೆ ನೂರಾರು ಸಲ ಮಾಡಿಸುತ್ತಾರೆ. ಇದನ್ನು ಓದಿದ ಮೇಲೆ ಯಾವ ಚಿಕಿತ್ಸೆ ಬಂದರೂ ನಾನು ಕೇಳುವ ಪ್ರಶ್ನೆ ಒಂದೇ ಆಯಿತು: ಇದರಲ್ಲಿ ನನ್ನ ಕೈ ಎಷ್ಟು ಸಲ ಕೆಲಸ ಮಾಡುತ್ತದೆ?

ಆದರೂ ಸೆಂಟರ್ ದಂಡ ಅನ್ನಲಾರೆ. ಅಲ್ಲಿ ನನ್ನ ವಯಸ್ಸಿನವರು ಇನ್ನಿಬ್ಬರು ಸಿಕ್ಕರು. ಮನೆಯಲ್ಲಿ "ನೋಡಾಕ ಆರಾಮ ಇದ್ದೀಯಲ್ಲ" ಅನ್ನುವವರೇ ಎಲ್ಲ. ಸ್ನಾನ ಮಾಡಿ ಬಂದರೆ ಮೂಟೆ ಹೊತ್ತಷ್ಟು ಸುಸ್ತಾಗುತ್ತದೆ ಅಂದರೆ ಅರ್ಥವಾಗಿದ್ದು ಆ ಇಬ್ಬರಿಗೆ ಮಾತ್ರ.

ಇನ್ನು ಎಣ್ಣೆ. ನೆಂಟರಿಷ್ಟರ ಸಲಹೆಗಳಲ್ಲಿ ಪಾರಿವಾಳದ ರಕ್ತ ಹಚ್ಚುವುದೂ ಇತ್ತು, ಅದನ್ನು ಅವ್ವನೇ ಬಾಗಿಲಲ್ಲೇ ತಡೆದಳು. ಎಣ್ಣೆ ತಿಕ್ಕಿಸುವುದಕ್ಕೆ ಮಾತ್ರ ಯಾರೂ ಬೇಡ ಅನ್ನಲಿಲ್ಲ. ಜೂನ್‌ನಲ್ಲಿ 21 ದಿನ, ಬೆಳಿಗ್ಗೆ ಎಣ್ಣೆ, ಸಂಜೆ ಫಿಜಿಯೋ. ಸುಳ್ಳು ಯಾಕೆ ಹೇಳಲಿ, ಎಲ್ಲದರಲ್ಲೂ ಹಿತವಾಗಿದ್ದು ಇದೇ. ಬಿಸಿ ಎಣ್ಣೆ, ಗಟ್ಟಿ ಕೈ, ರಾತ್ರಿ ನಿದ್ದೆ. ಒಂದೆರಡು ಗಂಟೆ ಬಿಗಿತ ಸಡಿಲಾಗುತ್ತಿತ್ತು. ಆದರೆ ತಿಕ್ಕುವ ಅಮ್ಮ "ನರ ಬಿಚ್ಚಬೇಕ್ರಿ" ಅಂತ ಒತ್ತಿದ ಜಾಗದಲ್ಲೆಲ್ಲ ನೀಲಿಗಟ್ಟತೊಡಗಿತು. ನಾನು ರಕ್ತ ತೆಳುವಾಗಿಸುವ ಮಾತ್ರೆಯಲ್ಲಿದ್ದೆ, ಅವರಿಗೆ ಹೇಳಬೇಕು ಅಂತ ನಮಗ್ಯಾರಿಗೂ ಹೊಳೆದಿರಲಿಲ್ಲ. ಇನ್ನೊಂದು ದಿನ ಬಿಸಿ ಗಂಟಿನ ಶಾಖ ಕೊಟ್ಟಾಗ ಮುಂಗೈ ಸುಟ್ಟು ಬೊಬ್ಬೆ ಬಂತು. ಸ್ಪರ್ಶ ಸರಿಯಾಗಿ ಗೊತ್ತಾಗದ ಕೈ ಅದು, ಸುಡುತ್ತಿದೆ ಅಂತ ನನಗೇ ತಿಳಿಯಲಿಲ್ಲ. ವೈದ್ಯರು ಬೈದರು, ನಿಲ್ಲಿಸಿದೆವು. ಎಣಿಕೆಯಲ್ಲಿ ಇದಕ್ಕೆ ಸೊನ್ನೆ. 21 ದಿನವೂ ದುಡಿದದ್ದು ಆ ಅಮ್ಮನ ಕೈ. ಈಗಲೂ ಚಳಿಗಾಲದಲ್ಲಿ ಅವ್ವ ಮೆಲ್ಲಗೆ ಎಣ್ಣೆ ಹಚ್ಚುತ್ತಾಳೆ. ಹಿತಕ್ಕೆ, ಅಷ್ಟೇ.

ಕನ್ನಡಿ ಅಗ್ಗದ್ದು. ದುರ್ಗದ ಬೈಲು ಪೇಟೆಯಲ್ಲಿ 180 ರೂಪಾಯಿಗೆ ತಂದೆವು. ಎದೆಯ ಮುಂದೆ, ಮೇಜಿನ ಮೇಲೆ, ಎರಡೂ ಕೈಗಳ ನಡುವೆ ಎಡಗೈ ಕಡೆ ಮುಖ ಮಾಡಿ ನಿಲ್ಲಿಸಿ, ಸೋತ ಕೈಯನ್ನು ಅದರ ಹಿಂದೆ ಬಚ್ಚಿಡಬೇಕು. ಎಡಗೈ ತೆರೆದು ಮುಚ್ಚಿದರೆ ಕನ್ನಡಿಯಲ್ಲಿ ಬಲಗೈಯೇ ಮಾಡಿದಂತೆ ಕಾಣುತ್ತದೆ. ಕೈ ಕಳೆದುಕೊಂಡವರ ನೋವಿಗಾಗಿ ವಿ.ಎಸ್. ರಾಮಚಂದ್ರನ್ 1990ರ ದಶಕದಲ್ಲಿ ಹೂಡಿದ ಉಪಾಯ, ಆಮೇಲೆ ಲಕ್ವಾಕ್ಕೂ ಬಂತು. ದಿನಕ್ಕೆ 20 ನಿಮಿಷ, ಎರಡು ತಿಂಗಳು ಮಾಡಿದೆ. ಮೊದಲ ವಾರ ಹುಚ್ಚಾಟ ಅನಿಸಿತು. ಆಮೇಲೆ ಒಂದು ಸಂಜೆ ಕನ್ನಡಿಯ ಹಿಂದೆ ಹೆಬ್ಬೆರಳು ಮಿಸುಕಿತು. ಕನ್ನಡಿಯಿಂದಲೋ, ಹುಣಸೆಬೀಜದಿಂದಲೋ, ಬರೀ ದಿನ ಕಳೆದಿದ್ದರಿಂದಲೋ ಹೇಳಲಾರೆ. ಬೆರಳು ಏನೂ ಮಿಸುಕದವರಿಗೆ ಶುರುಮಾಡಲು ಇದು ಒಳ್ಳೆಯದು. ಬೇಜಾರು ಮಾತ್ರ ವಿಪರೀತ.

ಕೊನೆಯದು ಕೈಗವಸು, ಸೆಪ್ಟೆಂಬರ್‌ನಲ್ಲಿ. ಚೆನ್ನಾಗಿರುವ ಕೈಗೆ ದಪ್ಪ ಗವಸು ಹಾಕಿ ಕಟ್ಟಿಹಾಕುವುದು. ಎಡಗೈ ಎಲ್ಲ ಕೆಲಸ ಮಾಡಿಕೊಡುತ್ತಿದ್ದರೆ ಬಲಗೈಯನ್ನು ಬಳಸದೇ ಇರುವುದನ್ನೇ ಮೆದುಳು ಕಲಿತುಬಿಡುತ್ತದೆ, ಆ ಅಭ್ಯಾಸ ಬಿಡಿಸಬೇಕು ಅಂತ ಅಮೆರಿಕದ ಎಡ್ವರ್ಡ್ ಟೌಬ್ ಎಂಬ ವಿಜ್ಞಾನಿ ಹೇಳಿದ್ದು. ಲಕ್ವಾ ಆಗಿ 3ರಿಂದ 9 ತಿಂಗಳಾದ 222 ಜನರ ಮೇಲೆ ಮಾಡಿದ ದೊಡ್ಡ ಪ್ರಯೋಗದ ಫಲಿತಾಂಶ 2006ರಲ್ಲಿ ಬಂತು, ಒಳ್ಳೆಯದೇ ಬಂತು. ಅದರಲ್ಲಿ ಎಚ್ಚರವಿದ್ದ ಹೊತ್ತಿನ ನೂರಕ್ಕೆ 90 ಭಾಗ ಗವಸು ಹಾಕಿಸಿದ್ದರು, ಎರಡು ವಾರ. ಹಾಲು ಕುಡಿಯುವ ಕೂಸನ್ನು ಇಟ್ಟುಕೊಂಡು ನನಗೆ ಅದು ಸಾಧ್ಯವೇ? ದಿನಕ್ಕೆ ಮೂರು ಗಂಟೆ, ಮಗಳು ಅತ್ತೆಯ ಹತ್ತಿರ ಇದ್ದಾಗ ಮಾತ್ರ. ಮೆಟ್ಟಿಲು ಹತ್ತುವಾಗ, ಒಲೆಯ ಹತ್ತಿರ ಗವಸು ಬಿಚ್ಚಿಡಬೇಕು ಅಂತ ಫಿಜಿಯೋ ಮೊದಲೇ ಹೇಳಿದ್ದರು. ಮಣಿಕಟ್ಟು, ಬೆರಳು ಸ್ವಲ್ಪವಾದರೂ ಹಿಂದಕ್ಕೆ ಏಳದಿದ್ದರೆ ಇದಕ್ಕೆ ಕೈ ಹಾಕಬಾರದು ಅಂತಲೂ.

ಆ ದಿನಗಳಷ್ಟು ಸಿಟ್ಟು ನನಗೆ ಯಾವತ್ತೂ ಬಂದಿಲ್ಲ. ಚಮಚ ಬೀಳುತ್ತದೆ, ಸಾರು ಸೀರೆಗೆ. ಕುಪ್ಪಸದ ಒಂದು ಹುಕ್ಕಿಗೆ ನಾಲ್ಕು ನಿಮಿಷ. ಎರಡನೇ ವಾರ ಅತ್ತೆ ರೊಟ್ಟಿಗೆ ಹಿಟ್ಟು ನಾದುತ್ತಿದ್ದರು. ಸುಮ್ನೆ ಪಕ್ಕದಲ್ಲಿ ಕೂತೆ. ಒಂದು ಉಂಡೆ ನನ್ನ ಕಡೆ ತಳ್ಳಿದರು, ಮಾತಾಡಲಿಲ್ಲ. ಜೋಳದ ರೊಟ್ಟಿ ಬಡಿಯಲು ಅಂಗೈ ಪೂರ್ತಿ ಬಿಚ್ಚಬೇಕು. ಮುಷ್ಟಿಯಲ್ಲಿ ಬಡಿದರೆ ಗುಂಡಿ ಬೀಳುತ್ತದೆ. ನನ್ನ ಮೊದಲ ರೊಟ್ಟಿ ತುಂಬ ಗುಂಡಿಗಳೇ. ಎಣಿಸಿದೆ, ಒಂದು ರೊಟ್ಟಿಗೆ 60 ಪೆಟ್ಟು. ಐದು ರೊಟ್ಟಿಗೆ 300. ಫಿಜಿಯೋಗೆ ಹೇಳಿದಾಗ ನಕ್ಕು, ತೂತುಗಳಿಗೆ ಗೂಟ ಸಿಕ್ಕಿಸುವ ಪೆಗ್ ಬೋರ್ಡ್ ತೆಗೆದು ಒಳಗಿಟ್ಟರು. ಫಿಟ್ಸ್ ಮಾತ್ರೆ ನಡೆಯುತ್ತಿದ್ದರಿಂದ ಹಂಚಿನ ಮೇಲೆ ಹಾಕುವ ಕೆಲಸ ಅತ್ತೆಯದೇ. ದೀಪಾವಳಿ ಹೊತ್ತಿಗೆ ಮನೆಗೆ ಬೇಕಾದ ರೊಟ್ಟಿಯಲ್ಲಿ ಅರ್ಧ ನಾನೇ ಬಡಿಯುತ್ತಿದ್ದೆ.

ಒಂದೇ ಆರಿಸಿ ಅಂದರೆ ಗವಸು, ಜೊತೆಗೆ ಮನೆಗೆ ಬರುವ ಒಬ್ಬ ಹಟಮಾರಿ ಫಿಜಿಯೋ. ದುಡ್ಡಿಲ್ಲದಿದ್ದರೆ ವಾರಕ್ಕೊಮ್ಮೆ ಬಂದು ಹೇಳಿಕೊಟ್ಟು ಹೋಗಲಿ, ಬೀಜ ಎಣಿಸುವುದು ನಿಮ್ಮ ಕೆಲಸ. ನನ್ನದು ನಾಳದ ಹೆಪ್ಪು, ಸಣ್ಣ ವಯಸ್ಸು. ಇದರಲ್ಲಿ ಚೇತರಿಕೆ ಸಾಮಾನ್ಯವಾಗಿ ಚೆನ್ನಾಗಿರುತ್ತದೆ ಅಂತ ವೈದ್ಯರೇ ಹೇಳಿದ್ದರು. ಹಾಗಾಗಿ ನಿಮ್ಮ ಕೈ ನನ್ನ ತಾರೀಖಿಗೆ ಸರಿಯಾಗಿ ತೆರೆಯಬೇಕು ಅಂತ ಕಾಯಬೇಡಿ.

ಈಗ ಹುಕ್ಕಿಗೆ ಇಪ್ಪತ್ತು ಸೆಕೆಂಡ್. ಮಗಳನ್ನು ಬಲಗೈಯಲ್ಲೇ ಎತ್ತುತ್ತೇನೆ. ಜಡೆ ಮಾತ್ರ ಆಗುವುದಿಲ್ಲ. ಕೈ ಹಿಂದಕ್ಕೆ ಹೋದ ಕೂಡಲೇ ಬೆರಳಿಗೆ ದಾರಿ ತಪ್ಪುತ್ತದೆ. ಹೋದ ತಿಂಗಳು ಕೂದಲು ಭುಜದವರೆಗೆ ಕತ್ತರಿಸಿಕೊಂಡು ಬಂದೆ. ಅತ್ತೆ ಎರಡು ದಿನ ನನ್ನ ಹತ್ತಿರ ಮಾತು ಬಿಟ್ಟಿದ್ದರು.